ಸಮುದಾಯ ರೇಡಿಯೋ: ಉದ್ಘಾಟನೆ ಮುಗಿದ ಮೇಲೆ ನಡೆಸುವುದು ಹೇಗೆ

ಸಮುದಾಯ ರೇಡಿಯೋ, ಅಂದರೆ ಊರಿನವರೇ ಊರಿಗಾಗಿ ನಡೆಸುವ ಪುಟ್ಟ ಎಫ್‌ಎಂ ಕೇಂದ್ರ, ಶುರು ಮಾಡಲು ದುಡ್ಡು ಹೇಗೋ ಹೊಂದುತ್ತದೆ. ಯಾವುದೋ ಯೋಜನೆಯಲ್ಲಿ ಟ್ರಾನ್ಸ್‌ಮಿಟರ್ ಬರುತ್ತದೆ, ಟೇಪು ಕತ್ತರಿಸಲು ಶಾಸಕರೂ ಬರುತ್ತಾರೆ. ಕೇಂದ್ರಗಳು ಸೊರಗುವುದು ಮೂರನೆಯ, ನಾಲ್ಕನೆಯ ವರ್ಷದಲ್ಲಿ. ಬೆಳಗಿನ ಪಾಳಿಗೆ ಬರುವವರಿಲ್ಲ, ಕರೆಂಟ್ ಬಿಲ್ ಕಟ್ಟುವವರಿಲ್ಲ, ಕಂಪ್ಯೂಟರಿನಲ್ಲಿರುವ ಅದೇ ಐವತ್ತು ಹಾಡು ದಿನವಿಡೀ ತಿರುಗುತ್ತಿರುತ್ತವೆ. ಹಾಗಾಗಿ ಇಲ್ಲಿ ಪರವಾನಗಿ, ಯಂತ್ರಗಳ ಮಾತು ಬೇಕಾದಷ್ಟೇ. ಜನರ ಲೆಕ್ಕ, ದುಡ್ಡಿನ ಲೆಕ್ಕ ಹೆಚ್ಚು.

ಕಾಗದಪತ್ರ

ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಸ್ವಯಂಸೇವಾ ಸಂಸ್ಥೆಗಳಿಗೆ ರೇಡಿಯೋ ನಡೆಸಲು ಅವಕಾಶ ಸಿಕ್ಕಿದ್ದು ಮಾತ್ರ 2006ರ ನೀತಿಯಿಂದ. ಅದಕ್ಕೂ ಮುಂಚೆ, ಕೋಲಾರ ಜಿಲ್ಲೆ ಬೂದಿಕೋಟೆಯ 'ನಮ್ಮ ಧ್ವನಿ' ಪರವಾನಗಿಯಿಲ್ಲದ ಕಾರಣ ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸುತ್ತಿತ್ತು. ಈಗ ಲಾಭದ ಉದ್ದೇಶವಿಲ್ಲದ, ಕನಿಷ್ಠ ಮೂರು ವರ್ಷ ಊರ ಕೆಲಸ ಮಾಡಿದ ದಾಖಲೆಯಿರುವ ನೋಂದಾಯಿತ ಸಂಸ್ಥೆ, ಶಿಕ್ಷಣ ಸಂಸ್ಥೆ, ಕೃಷಿ ವಿಜ್ಞಾನ ಕೇಂದ್ರಗಳು ಅರ್ಜಿ ಹಾಕಬಹುದು. ಒಬ್ಬ ವ್ಯಕ್ತಿ, ರಾಜಕೀಯ ಪಕ್ಷ, ಕಂಪನಿ ಹಾಕುವಂತಿಲ್ಲ. ಅರ್ಜಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ 'ಬ್ರಾಡ್‌ಕಾಸ್ಟ್ ಸೇವಾ' ಪೋರ್ಟಲ್‌ನಲ್ಲಿ. ಮೊದಲು ಸಚಿವಾಲಯ ತಾತ್ವಿಕವಾಗಿ ಒಪ್ಪಿ ಕೊಡುವ ಆಶಯ ಪತ್ರ, ಆಮೇಲೆ ತರಂಗಾಂತರ ಮತ್ತು ಗೋಪುರದ ಜಾಗಕ್ಕೆ ಒಪ್ಪಿಗೆ, ನಂತರ ಸಚಿವಾಲಯದೊಡನೆ ಒಪ್ಪಂದ, ಕೊನೆಗೆ ವೈರ್‌ಲೆಸ್ ಪರವಾನಗಿ. 2024ರ ಪರಿಷ್ಕೃತ ನಿಯಮದ ಪ್ರಕಾರ ಮೊದಲ ಅವಧಿ 10 ವರ್ಷ, ಕಾರ್ಯಕ್ರಮಗಳ ಬಗ್ಗೆ ಸಲಹೆ ಕೊಡುವ ಊರಿನವರ ಸಲಹಾ ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಈ ಸಮಿತಿಯನ್ನು ಹೆಸರಿಗೆ ಮಾಡಿಟ್ಟುಕೊಳ್ಳಬೇಡಿ. ಮುಂದೆ ಜಗಳ ಬಿಡಿಸಲು ಬೇಕಾಗುವವರು ಇವರೇ.

ಗೋಪುರ, ಕೇಬಲ್, ಕರೆಂಟು

ಆಂಟೆನಾದಿಂದ ಹೊರಗೆ ಹೋಗುವ ಪರಿಣಾಮಕಾರಿ ಶಕ್ತಿ (ಇಆರ್‌ಪಿ) 100 ವ್ಯಾಟ್ ಮೀರಬಾರದು, ಆಂಟೆನಾ ನೆಲದಿಂದ 30 ಮೀಟರ್ ದಾಟಬಾರದು. ಸಾಮಾನ್ಯವಾಗಿ 50 ವ್ಯಾಟಿನ ಟ್ರಾನ್ಸ್‌ಮಿಟರ್ ಹಾಕುತ್ತಾರೆ. ಬಯಲು ಸೀಮೆಯಲ್ಲಿ 10 ಕಿಲೋಮೀಟರಿನವರೆಗೆ ಚೆನ್ನಾಗಿ ಕೇಳುತ್ತದೆ, ಮಲೆನಾಡಿನಲ್ಲಿ ಗುಡ್ಡದ ಆಚೆ ಮಗ್ಗುಲಿಗೆ 3 ಕಿಲೋಮೀಟರಿಗೂ ಮುಟ್ಟದಿರಬಹುದು. ಜಾಗ ಗೊತ್ತು ಮಾಡುವ ಮೊದಲು ಗೋಪುರ ನಿಲ್ಲುವಲ್ಲಿಂದ ಯಾವ ಯಾವ ಊರಿನ ನೀರಿನ ಟ್ಯಾಂಕು ಕಣ್ಣಿಗೆ ಕಾಣುತ್ತದೆ ನೋಡಿ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಂಡಷ್ಟು ದೂರ ಹೋಗುತ್ತದೆ.

ಜನ ಉಳಿತಾಯ ಮಾಡಲು ಹೋಗಿ ಕೆಡುವುದು ಟ್ರಾನ್ಸ್‌ಮಿಟರಿನಿಂದ ಆಂಟೆನಾಗೆ ಹೋಗುವ ಕೇಬಲ್ಲಿನಲ್ಲಿ. ಅಗ್ಗದ ಆರ್‌ಜಿ-213 ಕೇಬಲ್ 30 ಮೀಟರಿನಲ್ಲಿ ಸುಮಾರು 2 ಡೆಸಿಬೆಲ್ ನುಂಗುತ್ತದೆ. 50 ವ್ಯಾಟ್ ಹೊರಟರೆ ಆಂಟೆನಾಗೆ ಮುಟ್ಟುವುದು 32 ವ್ಯಾಟ್. ಅರ್ಧ ಇಂಚಿನ ಫೋಮ್ ಕೇಬಲ್ಲಾದರೆ ಅದೇ ದೂರಕ್ಕೆ 43 ವ್ಯಾಟ್ ಉಳಿಯುತ್ತದೆ. ಕನೆಕ್ಟರಿಗೆ ತನ್ನಿಂದ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಬಿಸಿಲು ತಡೆಯುವ ಟೇಪು ಸುತ್ತಿ. ಕೇಬಲ್ ಕಟ್ಟಡದೊಳಗೆ ಹೋಗುವ ಮುನ್ನ ಒಂದು ಬಾಗು ಕೆಳಕ್ಕೆ ಜೋತು ಬೀಳಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ, ಆಂಟೆನಾದಿಂದ ಹೊರಬೀಳದೆ ಕೇಬಲ್ಲಿನಲ್ಲೇ ಟ್ರಾನ್ಸ್‌ಮಿಟರಿಗೆ ಹಿಂದಿರುಗುವ ಶಕ್ತಿ 2 ವ್ಯಾಟ್ ದಾಟಿತೆಂದರೆ ಮೊದಲ ಅನುಮಾನ ನೀರು ಕುಡಿದ ಕನೆಕ್ಟರಿನ ಮೇಲಿರಲಿ. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಆನ್ ಮಾಡಲೇಬೇಡಿ. ಒಂದು ನಿಮಿಷದ ಮರೆವಿಗೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ.

ಗೋಪುರಕ್ಕೂ ಸ್ಟುಡಿಯೋಗೂ ಅರ್ತಿಂಗ್ ಗುಂಡಿ ತೋಡಿ, ಎರಡನ್ನೂ ದಪ್ಪ ತಾಮ್ರದ ಪಟ್ಟಿಯಿಂದ ಕೂಡಿಸಿ. ರೋಧ 5 ಓಮ್‌ಗಿಂತ ಕಡಿಮೆ ಬರಬೇಕು. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವುದು ಯಾರ ಕೆಲಸ ಎಂದು ಹೆಸರು ಬರೆದಿಡಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ರಸಾರ ನಿಲ್ಲಿಸಿ, ಪ್ಲಗ್ ಕಿತ್ತಿಡುವುದೇ ಸರಿ. ಕೇಳುಗರಿಗೆ ಹೇಳಿ ನಿಲ್ಲಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಟ್ರಾನ್ಸ್‌ಮಿಟರ್, ಮಿಕ್ಸರ್ (ಮೈಕು, ಕಂಪ್ಯೂಟರಿನ ಧ್ವನಿಗಳನ್ನು ಕೂಡಿಸುವ ಯಂತ್ರ), ಒಂದು ಕಂಪ್ಯೂಟರ್ ಸೇರಿ ಸುಮಾರು 300 ವ್ಯಾಟ್ ಎಳೆಯುತ್ತವೆ. 1 ಕೆವಿಎ ಆನ್‌ಲೈನ್ (ಕರೆಂಟ್ ಹೋದರೂ ಕ್ಷಣವೂ ಕಡಿಯದ ಬಗೆಯ) ಯುಪಿಎಸ್‌ಗೆ 12 ವೋಲ್ಟ್, 100 ಆಂಪಿಯರ್-ಅವರ್‌ನ ಮೂರು ಬ್ಯಾಟರಿ ಹಾಕಿದರೆ ನಾಲ್ಕು ಗಂಟೆ ನಿರಾಳ. ಎಸಿಯನ್ನು ಇದಕ್ಕೆ ಜೋಡಿಸಬೇಡಿ. ಧ್ವನಿಯಲ್ಲಿ 'ಗುಂಯ್' ಎನ್ನುವ ಸದ್ದು ಬಂದರೆ, ಮಿಕ್ಸರ್ ಒಂದು ಸಾಕೆಟ್ಟಿಗೆ, ಕಂಪ್ಯೂಟರ್ ಬೇರೆ ಗೋಡೆಯ ಸಾಕೆಟ್ಟಿಗೆ ಹೋಗಿದೆಯೇ ನೋಡಿ. ಎರಡನ್ನೂ ಒಂದೇ ಕಡೆ ಹಾಕಿದರೆ ಬಹಳ ಸಲ ಅಲ್ಲಿಗೇ ಸದ್ದಡಗುತ್ತದೆ.

ಸ್ಟುಡಿಯೋಗೆ 10 ಅಡಿಗೆ 12 ಅಡಿಯ ಕೋಣೆ ಸಾಕು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಟ್ರ್ಯಾಕ್ಟರ್ ಸದ್ದು ನಿಲ್ಲುವುದಿಲ್ಲ, ದೂಳು, ಜಿರಲೆ ಸೇರುತ್ತವೆ ಅಷ್ಟೆ. ಹಳೆಯ ಹತ್ತಿ ಹಾಸಿಗೆ, ದಪ್ಪ ಕಂಬಳಿ ಮಾತಾಡುವವರ ಹಿಂದೆಯೂ ಎದುರಿಗೂ ತೂಗುಹಾಕಿ, ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಯಿರಿ. ಮೈಕು ಸುತ್ತಲಿನ ಸದ್ದು ಕಡಿಮೆ ಹಿಡಿಯುವ ಡೈನಮಿಕ್ ಬಗೆಯದಾಗಿರಲಿ, ಬಾಯಿಂದ ಒಂದು ಗೇಣು ದೂರದಲ್ಲಿ, ಕೊಂಚ ಓರೆಯಾಗಿ.

ಜನ ಎಷ್ಟು ಬೇಕು

ದಿನಕ್ಕೆ 12 ಗಂಟೆ ಪ್ರಸಾರ ಎಂದು ಬೋರ್ಡು ಹಾಕುವ ಹುಮ್ಮಸ್ಸು ಎಲ್ಲರಿಗೂ ಇರುತ್ತದೆ. ಬೆಳಿಗ್ಗೆ ಎರಡು, ಸಂಜೆ ಎರಡು ಗಂಟೆಯಿಂದ ಶುರು ಮಾಡಿ. ಅದರಲ್ಲಿ ದಿನಕ್ಕೆ ಒಂದು ಗಂಟೆ ಹೊಸ ಕಾರ್ಯಕ್ರಮ, ಸಂಜೆ ಅದರದೇ ಮರುಪ್ರಸಾರ. ಉಳಿದದ್ದು ಹಾಡು, ಸಂಗ್ರಹದ ಕಾರ್ಯಕ್ರಮ, ಪ್ರಕಟಣೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರಲ್ಲೇ ತಯಾರಾಗಿರಬೇಕೆಂಬ ನಿಯಮವಿದೆ, ಅದು ಇದರಿಂದ ಸುಲಭವಾಗಿ ದಾಟುತ್ತದೆ.

ಈಗ ಲೆಕ್ಕ. ವಾರಕ್ಕೆ ಏಳು ಗಂಟೆ ಹೊಸದೆಂದರೆ ಅರ್ಧರ್ಧ ಗಂಟೆಯ 14 ಕಾರ್ಯಕ್ರಮ. ಹೋಗಿ ಬರುವುದು, ರೆಕಾರ್ಡಿಂಗು, ಎಡಿಟಿಂಗು ಸೇರಿ ಒಂದಕ್ಕೆ ಆರು ಗಂಟೆ ಹಿಡಿಯಿರಿ, 84 ಗಂಟೆ ಆಯಿತು. ಪ್ರಸಾರದ ಪಾಳಿಗೆ ಇಬ್ಬರಂತೆ, ಹೊತ್ತಿಗೆ ಎರಡೂವರೆ ಗಂಟೆ, ವಾರಕ್ಕೆ 70 ಗಂಟೆ. ಒಟ್ಟು 154. ಸಂಬಳದ ಇಬ್ಬರು ಇದರಲ್ಲಿ 60 ಗಂಟೆ ಹೊತ್ತರೂ 94 ಉಳಿಯುತ್ತದೆ. ಮನೆ, ಹೊಲ, ಕಾಲೇಜು ಇರುವವರು ವಾರಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಕೊಡಲಾರರು. ಅಂದರೆ 24 ಜನ ಬೇಕೇ ಬೇಕು. ಆರು ತಿಂಗಳಲ್ಲಿ ಮೂರರಲ್ಲಿ ಒಬ್ಬರು ಬಿಡುತ್ತಾರೆಂದು ಹಿಡಿದು 36 ಜನರಿಗೆ ತರಬೇತಿ ಕೊಡಿ. ಎಂಟು ಉತ್ಸಾಹಿ ಹುಡುಗರನ್ನು ನಂಬಿ ಹೊರಟ ಕೇಂದ್ರ, ಅವರಲ್ಲಿ ಮೂವರು ಬೆಂಗಳೂರಿಗೆ ಕೆಲಸಕ್ಕೆ ಹೋದ ದಿನ ಕುಂಟುತ್ತದೆ.

ಬಿಟ್ಟುಹೋಗದವರು ಯಾರು ಎಂದು ನೋಡಿ ಆರಿಸಿ: ಮದುವೆಯಾಗಿ ಊರಲ್ಲೇ ನೆಲೆಸಿದ ಹೆಣ್ಣುಮಕ್ಕಳು, ನಿವೃತ್ತ ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಪ್ರತಿನಿಧಿಗಳು. ಕಾಲೇಜು ಮಕ್ಕಳು ಬೇಕು, ಆದರೆ ಪರೀಕ್ಷೆ ಬಂದಾಗ ಅವರು ಇರುವುದಿಲ್ಲ. ಪಾಳಿ ಗೊತ್ತು ಮಾಡುವಾಗ ಡೈರಿಗೆ ಹಾಲು ಹಾಕುವ ಹೊತ್ತು, ಕೊನೆಯ ಬಸ್ಸಿನ ಹೊತ್ತು ಕೇಳಿಕೊಳ್ಳಿ. ಸಂಜೆ ಪಾಳಿ ಎಂಟಕ್ಕೆ ಮುಗಿದು ಬಸ್ಸು ಏಳೂವರೆಗೇ ಹೋಗುವುದಾದರೆ ಆ ಊರಿನ ಹೆಣ್ಣುಮಕ್ಕಳು ತಿಂಗಳೊಳಗೆ ನಿಲ್ಲುತ್ತಾರೆ, ಕಾರಣವನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಬಸ್ ಚಾರ್ಜನ್ನು ಅವತ್ತೇ ಕೈಗೆ ಕೊಡಿ. ತಿಂಗಳ ಕೊನೆಗೆ ಒಟ್ಟಿಗೆ ಕೊಡುತ್ತೇವೆ ಎನ್ನುವುದು ಬಡವರನ್ನು ಹೊರಗಿಡುವ ವಿಧಾನ.

ಪ್ರತಿ ಪಾಳಿಗೆ ಇಬ್ಬರ ಹೆಸರು, ಕೆಳಗೆ ಬದಲಿಯವರ ಹೆಸರು. ಬೀಗದ ಕೈ ಮೂರು ಮನೆಯಲ್ಲಿರಲಿ, ಅದರಲ್ಲೊಂದು ಕೇಂದ್ರದ ಪಕ್ಕದ ಮನೆ. ಗೋಡೆಗೆ ಈ ಕೆಲಸಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿ:

1. ಪ್ರಸಾರಕ್ಕೆ 20 ನಿಮಿಷ ಮುಂಚೆ ಬಾಗಿಲು ತೆರೆದು ಯುಪಿಎಸ್ ಆನ್ ಮಾಡಿ.
2. ಆಂಟೆನಾ ಕೇಬಲ್ ಜೋಡಣೆಯಾಗಿದೆಯೇ ನೋಡಿ, ಆಮೇಲೆ ಟ್ರಾನ್ಸ್‌ಮಿಟರ್.
3. ಹೊರ ಹೋಗುವ ಮತ್ತು ಹಿಂದಿರುಗುವ ವ್ಯಾಟ್ ಪುಸ್ತಕದಲ್ಲಿ ಬರೆಯಿರಿ. ಹಿಂದಿರುಗುವುದು 2 ದಾಟಿದ್ದರೆ ಆಫ್ ಮಾಡಿ ಫೋನ್ ಮಾಡಿ.
4. ಹೊರಗೆ ಜಗಲಿಯಲ್ಲಿ ಬೇರೆ ರೇಡಿಯೋ ಹಚ್ಚಿ ಕೇಳಿ. ಮಿಕ್ಸರಿನ ಹೆಡ್‌ಫೋನಿನಲ್ಲಿ ಕೇಳಿಸಿತೆಂದರೆ ಊರಿಗೂ ಕೇಳಿಸಿತು ಎಂದಲ್ಲ.
5. ಕಂಪ್ಯೂಟರ್ ಕೈಕೊಟ್ಟರೆ ಎರಡು ಗಂಟೆಯ ಕಾರ್ಯಕ್ರಮ ತುಂಬಿದ ಹಳೆಯ ಫೋನನ್ನು ಮಿಕ್ಸರಿನ ಮೂರನೇ ಚಾನೆಲ್ಲಿಗೆ ಚುಚ್ಚಿ.

ತರಬೇತಿಯನ್ನು ಮೈಕಿನಿಂದ ಶುರು ಮಾಡಬೇಡಿ. ಮೈಕು ಸಿಕ್ಕವರು ಆಕಾಶವಾಣಿಯ ಧಾಟಿಗೆ ಹೋಗಿಬಿಡುತ್ತಾರೆ, ಮನೆಯಲ್ಲಿ ಆಡದ 'ಪ್ರಿಯ ಶ್ರೋತೃಗಳೇ' ಬಾಯಿಗೆ ಬರುತ್ತದೆ. ಮೊದಲ ಎರಡು ವಾರ ಕೇಳುವುದು, ಪಾಳಿಯಲ್ಲಿ ಪಕ್ಕ ಕೂರುವುದು. ಮುಂದಿನ ಎರಡು ವಾರ ಫೋನಿನಲ್ಲಿ ರೆಕಾರ್ಡಿಂಗು, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಎಡಿಟಿಂಗು. ಆಮೇಲೆ ಮೈಕು. ಕೋಲಾರದವರು ಕೋಲಾರದ ಕನ್ನಡವನ್ನೇ ಆಡಲಿ, ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿಗೂ ಹೊತ್ತು ಸಿಗಲಿ.

ಪ್ರಶ್ನೆ ಕೇಳುವುದನ್ನು ಬೇರೆಯಾಗಿಯೇ ಕಲಿಸಬೇಕು. "ರೇಷ್ಮೆ ಕೃಷಿ ಲಾಭದಾಯಕವೇ ಅಕ್ಕಾ?" ಎಂದರೆ "ಹೌದಪ್ಪ" ಎಂದು ಮುಗಿಯುತ್ತದೆ. "ಈ ಸಲದ ಗೂಡು ಎಲ್ಲಿಗೆ ಹಾಕಿದ್ರಿ, ಕೆಜಿಗೆ ಎಷ್ಟಕ್ಕೆ ಹೋಯ್ತು, ಸೊಪ್ಪಿಗೆ ಎಷ್ಟು ಸುರಿದಿದ್ರಿ?" ಎಂದು ಕೇಳಿದರೆ ಆಕೆ ಹತ್ತು ನಿಮಿಷ ಮಾತಾಡುತ್ತಾಳೆ, ಪಕ್ಕದ ಊರಿನವರು ಕಿವಿಗೊಟ್ಟು ಕೇಳುತ್ತಾರೆ. ರೆಕಾರ್ಡಿಂಗ್ ಮುಗಿದ ಮೇಲೆ ಯಾರೂ ಮಾತಾಡದೆ ಆ ಜಾಗದ ಮೌನವನ್ನು 30 ಸೆಕೆಂಡು ಹಿಡಿದುಕೊಳ್ಳಿ. ಎಡಿಟಿಂಗಿನಲ್ಲಿ ಕತ್ತರಿಸಿದ ಕಡೆ ತುಂಬಲು ಅದು ಬೇಕಾಗುತ್ತದೆ. ರೆಕಾರ್ಡಿಂಗಿನ ಮೀಟರಿನಲ್ಲಿ ಧ್ವನಿಯ ಮಟ್ಟ ಸರಾಸರಿ ಮೈನಸ್ 18ರ ಸುತ್ತ ಇರಲಿ, ಜೋರು ಮಾತು ಮೈನಸ್ 6 ಡೆಸಿಬೆಲ್ ದಾಟದಂತೆ.

ಏನು ಪ್ರಸಾರ ಮಾಡಬಾರದೆಂಬುದನ್ನೂ ಇಲ್ಲೇ ಹೇಳಿಕೊಡಿ. ಸ್ವಂತ ಸುದ್ದಿ, ರಾಜಕೀಯ ಇಲ್ಲ. ಆಕಾಶವಾಣಿಯ ಸುದ್ದಿಯನ್ನು ಅಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಹವಾಮಾನ, ನೀರು ಬಿಡುವ ಹೊತ್ತು, ಕರೆಂಟ್ ಹೋಗುವ ಹೊತ್ತು, ಲಸಿಕೆ ಶಿಬಿರ, ಪರೀಕ್ಷಾ ಫಲಿತಾಂಶ, ಜಾತ್ರೆ ಇವುಗಳಿಗೆ ಅಡ್ಡಿಯಿಲ್ಲ, ಜನ ಕಾದು ಕೇಳುವುದೂ ಇವನ್ನೇ. ಸಿನಿಮಾ ಹಾಡಿಗೆ ಹಕ್ಕುದಾರರ ಪರವಾನಗಿ ಬೇಕು. ಊರಿನ ಸೋಬಾನೆ, ಕೋಲಾಟದ ಪದ, ತತ್ವಪದವನ್ನು ಹಾಡಿದವರ ಬರಹದ ಒಪ್ಪಿಗೆ ಪಡೆದು ನೀವೇ ರೆಕಾರ್ಡ್ ಮಾಡಿ. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾದಿಡಬೇಕು. 128 ಕೆಬಿಪಿಎಸ್ ಎಂಪಿ3ಯಲ್ಲಿ ಗಂಟೆಗೆ 58 ಎಂಬಿ, ದಿನಕ್ಕೆ ನಾಲ್ಕು ಗಂಟೆಯಂತೆ 90 ದಿನಕ್ಕೆ 21 ಜಿಬಿ. ಒಂದು ಪೆನ್‌ಡ್ರೈವಿನ ಮಾತು, ನೆಪ ಹೇಳುವಂತಿಲ್ಲ.

ದುಡ್ಡು

ಕೇಳುಗರ ಚಂದಾದಿಂದಲೇ ರೇಡಿಯೋ ನಡೆಸುವ ದಾರಿಯನ್ನು 1949ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಎಂಬ ಕೇಂದ್ರ ತೋರಿಸಿತು. ಅಮೆರಿಕದ ಅಂಥ ಕೇಂದ್ರಗಳು ಕೆಲವು ದಿನ ಮಾಮೂಲಿ ಕಾರ್ಯಕ್ರಮ ಬದಿಗಿಟ್ಟು ಬರೀ ಚಂದಾ ಕೇಳುತ್ತವೆ. ನಮ್ಮ ಹಳ್ಳಿಗಳಲ್ಲಿ ಗಾಳಿಯಲ್ಲಿ ಕೇಳಿದರೆ ದುಡ್ಡು ಬರುವುದಿಲ್ಲ, ಮನೆ ಬಾಗಿಲಿಗೆ ಹೋಗಿ, ಸಂಘದ ಸಭೆಯಲ್ಲಿ ಕೂತು ಕೇಳಬೇಕು.

ಒಂದು ಮಾದರಿ ಲೆಕ್ಕ. ತಿಂಗಳಿಗೆ ಸಂಚಾಲಕಿಗೆ 15,000, ತಾಂತ್ರಿಕರಿಗೆ 12,000, ಕರೆಂಟು 5,000, ಇಂಟರ್ನೆಟ್, ಫೋನು 1,500, ಬಸ್ ಚಾರ್ಜು, ಚಹಾ 5,500, ದುರಸ್ತಿ ನಿಧಿ 4,000. ಒಟ್ಟು 43,000 ರೂ. ಸ್ವಯಂಸೇವಕರಿದ್ದಾರಲ್ಲ ಎಂದು ಮೊದಲಿನ ಎರಡು ಸಂಬಳ ಹೊಡೆದುಹಾಕಬೇಡಿ. ದಿನಾ ಬರಲೇಬೇಕಾದ ಕೆಲಸವನ್ನು ಬಿಟ್ಟಿಯಾಗಿ ಯಾರೂ ಎರಡು ವರ್ಷ ಮಾಡುವುದಿಲ್ಲ. ದುರಸ್ತಿ ನಿಧಿಯನ್ನು ಬೇರೆ ಖಾತೆಯಲ್ಲಿಟ್ಟು ಮುಟ್ಟದಿರಿ.

ಬರುವ ಕಡೆ: 500 ಮನೆಯಿಂದ 20 ರೂಪಾಯಿಯಂತೆ 10,000, ನಲವತ್ತು ಸಂಘಗಳಿಂದ ನೂರರಂತೆ 4,000. ಅರ್ಧ ನಿಮಿಷದ ಜಾಹೀರಾತಿಗೆ 40 ರೂ. ಇಟ್ಟು, ದಿನಕ್ಕೆ ಮೂರು ಸಲ, ತಿಂಗಳಿಗೆ 25 ದಿನವೆಂದರೆ ಒಂದು ಅಂಗಡಿಗೆ 3,000. ನಾಲ್ಕು ಅಂಗಡಿಯಿಂದ 12,000. ಹೀಗೆ 26,000 ಊರಿನದೇ ಆಯಿತು. ಉಳಿದ 17,000ಕ್ಕೆ ಸರ್ಕಾರಿ ಜಾಹೀರಾತು, ಆರೋಗ್ಯ, ಕೃಷಿ ಇಲಾಖೆಯ ಕಾರ್ಯಕ್ರಮ, ಪರವಾನಗಿ ಪಡೆದ ಮಾತೃಸಂಸ್ಥೆ. ಗಂಟೆಗೆ 12 ನಿಮಿಷದವರೆಗೆ ಜಾಹೀರಾತಿಗೆ ಅವಕಾಶವಿದೆ, ಸರ್ಕಾರಿ ದರ 2024ರಿಂದ 10 ಸೆಕೆಂಡಿಗೆ 74 ರೂ. ಆದರೆ ಆ ಬಿಲ್ಲು ಕೈಸೇರಲು ತಿಂಗಳುಗಟ್ಟಲೆ ಹಿಡಿಯಬಹುದು, ಅದನ್ನು ನಂಬಿ ಸಂಬಳ ಗೊತ್ತು ಮಾಡಬೇಡಿ.

ಮನೆಮನೆಯ 20 ರೂಪಾಯಿ ವಸೂಲಿಗೆ ಹೋದವರ ಬಸ್ ಚಾರ್ಜಿಗೇ ಮುಗಿದುಹೋಗುವ ಅಪಾಯವಿದೆ. ಸಂಘದ ವಾರದ ಸಭೆಯಲ್ಲೇ ಉಳಿತಾಯದ ಜೊತೆ ಸೇರಿಸಿ ಪಡೆಯಿರಿ, ಇಲ್ಲವೇ ಯುಗಾದಿ ಅಥವಾ ಸುಗ್ಗಿಯ ನಂತರ ವರ್ಷದ್ದನ್ನು ಒಟ್ಟಿಗೆ. ಕಿರಾಣಿ ಅಂಗಡಿಯಲ್ಲಿ ಅಂಟಿಸುವ ಕ್ಯೂಆರ್ ಕೋಡ್ ಸಂಸ್ಥೆಯ ಬ್ಯಾಂಕ್ ಖಾತೆಯದಾಗಿರಲಿ, ಸಂಚಾಲಕರ ಸ್ವಂತ ಖಾತೆಯದು ಕೂಡದು. ಹತ್ತು ರೂಪಾಯಿಗೂ ಕ್ರಮಸಂಖ್ಯೆಯಿರುವ ರಸೀದಿ. ಆದಾಯ ತೆರಿಗೆ ರಿಯಾಯಿತಿ (80ಜಿ) ಕೇಳುವ ದಾನಿಯಿಂದ 2,000ಕ್ಕಿಂತ ಹೆಚ್ಚಿನದನ್ನು ನಗದಾಗಿ ತೆಗೆದುಕೊಳ್ಳಬೇಡಿ, ಅವರಿಗೆ ರಿಯಾಯಿತಿ ಸಿಗುವುದಿಲ್ಲ.

ಹೊರದೇಶದಲ್ಲಿರುವ ಊರಿನ ಮಕ್ಕಳು ದುಡ್ಡು ಕಳಿಸುತ್ತೇವೆ ಎಂದಾಗ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವರು ಕಳಿಸಿದರೆ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಪೂರ್ವಾನುಮತಿ ಮತ್ತು ಅದಕ್ಕೆಂದೇ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ತೆರೆದ ಖಾತೆ ಇಲ್ಲದಿದ್ದರೆ ಪಡೆಯುವಂತಿಲ್ಲ, ಕಳಿಸಿದವರು ಸ್ವಂತ ಅಣ್ಣನಾದರೂ.

ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಹಿಂದಿನ ತಿಂಗಳ ಜಮಾ ಖರ್ಚನ್ನು ರೇಡಿಯೋದಲ್ಲೇ ಓದಿ. ಮೂರು ನಿಮಿಷ ಸಾಕು: ಯಾವ ಸಂಘದಿಂದ ಎಷ್ಟು, ಯಾವುದಕ್ಕೆ ಎಷ್ಟು, ಕೈಯಲ್ಲಿ ಎಷ್ಟು. ಓದುವವರು ಸಂಚಾಲಕರಾಗುವುದು ಬೇಡ, ಸಲಹಾ ಸಮಿತಿಯ ಒಬ್ಬರಿಂದ ಓದಿಸಿ. ಓದಿದ ಮೇಲೆ ಕೇಂದ್ರದ ಫೋನ್ ನಂಬರ್ ಹೇಳಿ, ಮುಂದಿನ ಅರ್ಧ ಗಂಟೆ ಆ ಫೋನಿನ ಹತ್ತಿರ ರಸೀದಿ ಪುಸ್ತಕ ಹಿಡಿದು ಒಬ್ಬರು ಕೂತಿರಲಿ.