ಲಿವರ್ ತೊಳೆಯುವ ಡಬ್ಬಿ ಮನೆಗೆ ಬಂದಾಗ

"ಮೇಡಂ, ಲಿವರ್ ಸ್ವಚ್ಛ ಆಗ್ಯಾದೋ ಇಲ್ಲೋ ನೋಡೋ ಟೆಸ್ಟ್ ಅದಾ ಏನ್ರೀ?"

ಕಳೆದ ಏಪ್ರಿಲ್‌ನಲ್ಲಿ ಶಹಾಬಜಾರ್ ಕಡೆಯ ಟೀಚರ್ ಒಬ್ಬರು ನಮ್ಮ ಲ್ಯಾಬಿನ ಕೌಂಟರಿಗೆ ಬಂದು ಕೇಳಿದ್ದು ಇದು. ಕೈಯಲ್ಲಿ ಮೈಯ ವಿಷ ತೆಗೆದು ಲಿವರ್ ತೊಳೆಯುತ್ತದೆ ಅನ್ನುವ 'ಡಿಟಾಕ್ಸ್' ಪುಡಿಯ ಹಸಿರು ಡಬ್ಬಿ. ಹತ್ತು ದಿನದ ಕೋರ್ಸು ಮುಗಿದಿತ್ತು, 3,200 ರೂಪಾಯಿ ಹೋಗಿತ್ತು, ಹೊರಗೆ ಕಲಬುರಗಿ ಬಿಸಿಲು 42 ದಾಟಿತ್ತು. ನಾನು ಈ ಊರಿನಲ್ಲಿ ಜನರ ರಕ್ತ ತೆಗೆಯುತ್ತ 19 ವರ್ಷ ಆಯಿತು. ಅಂಥ ಟೆಸ್ಟ್ ನಮ್ಮ ರೇಟ್ ಲಿಸ್ಟಿನಲ್ಲಿಲ್ಲ, ಬೇರೆ ಯಾವ ಲ್ಯಾಬಿನಲ್ಲೂ ಇಲ್ಲ. ಲಿವರಿನ ಕೆಲಸ ನೋಡುವ ಎಲ್‌ಎಫ್‌ಟಿ ಎಂಬ ರಕ್ತಪರೀಕ್ಷೆ ಹೇಳುವ ಮಾತು ಬೇರೆ. ಲಿವರಿನ ಕೋಶಗಳಿಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಎಸ್‌ಜಿಪಿಟಿ ಎಂಬ ಕಿಣ್ವ ಏರುತ್ತದೆ, ಪಿತ್ತರಸದ ದಾರಿ ಕಟ್ಟಿದರೆ ಬಿಲಿರುಬಿನ್ ಎಂಬ ಹಳದಿ ಬಣ್ಣದ ವಸ್ತು ಏರುತ್ತದೆ. ಚಹಾ ಸೋಸುವ ಜಾಳಿಗೆಯಲ್ಲಿ ಪುಡಿ ಸಿಕ್ಕಿಕೊಂಡ ಹಾಗೆ ಲಿವರಿನಲ್ಲಿ ಕಸ ಕೂಡುವುದಿಲ್ಲ. ಅದು ಬಂದ ವಿಷವನ್ನು ಒಡೆದು, ನೀರಿನಲ್ಲಿ ಕರಗುವ ಹಾಗೆ ಮಾಡಿ, ಮುಂದೆ ಕಳಿಸಿಬಿಡುತ್ತದೆ. ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ನಮ್ಮ ಓಣಿಗೆ ಬರುವ 20 ಲೀಟರಿನ ಕ್ಯಾನುಗಳ ಲೆಕ್ಕದಲ್ಲಿ ಒಂಬತ್ತು ಕ್ಯಾನು. ಅದರಲ್ಲಿ ಮೂತ್ರವಾಗಿ ಹೊರಗೆ ಬರುವುದು ಒಂದೂವರೆ ಎರಡು ಲೀಟರ್, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ.

ಟೀಚರ್ ಹೋದ ಮೇಲೆ ಅನ್ನಿಸಿತು, ಈ ಡಬ್ಬಿ ಕೊಳ್ಳುವ ಮುಂಚೆ ಏನೇನು ನೋಡಬೇಕು ಅಂತ ಒಮ್ಮೆ ಬರೆದಿಟ್ಟರೆ ಕೌಂಟರಿನಲ್ಲಿ ನನಗೂ ಬಾಯಿನೋವು ಕಡಿಮೆ.

ಮೊದಲು ಮಾರುವವರಿಗೆ ಒಂದೇ ಪ್ರಶ್ನೆ ಕೇಳಿ: ಯಾವ ವಿಷ ತೆಗೀತೀರಿ, ಅದರ ಹೆಸರೇನು? "ಟಾಕ್ಸಿನ್ ರೀ", "ಮೈಯಾಗಿನ ಹೊಲಸು", "ಕೆಮಿಕಲ್" ಅಂದರೆ ಅದು ಹೆಸರಲ್ಲ. 2009ರಲ್ಲಿ ಬ್ರಿಟನ್ನಿನ ಕೆಲವು ಯುವ ವಿಜ್ಞಾನಿಗಳು 15 ಡಿಟಾಕ್ಸ್ ಉತ್ಪನ್ನಗಳ ತಯಾರಕರಿಗೆ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು. ಡಿಟಾಕ್ಸ್ ಅಂದರೆ ಏನು ಅನ್ನುವುದಕ್ಕೇ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದಲಿಲ್ಲ. 2015ರಲ್ಲಿ ಇಬ್ಬರು ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಮಾರುಕಟ್ಟೆಯ ಡಿಟಾಕ್ಸ್ ಆಹಾರಕ್ರಮವನ್ನು ಮನುಷ್ಯರ ಎರಡು ಗುಂಪು ಮಾಡಿ ಸರಿಯಾಗಿ ಹೋಲಿಸಿ ನೋಡಿದ ಒಂದು ಪ್ರಯೋಗವೂ ಸಿಗಲಿಲ್ಲ.

ನಿಜವಾದ ವಿಷಕ್ಕೆ ಹೆಸರಿರುತ್ತದೆ, ಟೆಸ್ಟ್ ಇರುತ್ತದೆ, ಅದಕ್ಕೇ ಅಂತ ಮದ್ದೂ ಇರುತ್ತದೆ. ನಮ್ಮ ಕಡೆ ತೊಗರಿಗೆ, ಹತ್ತಿಗೆ ಔಷಧ ಹೊಡೆಯುವ ದಿನಗಳಲ್ಲಿ ಬಾಯಲ್ಲಿ ಜೊಲ್ಲು, ಸಣ್ಣಗಾದ ಕಣ್ಣ ಪಾಪೆ, ಬೆವರು ಅಂತ ರೈತರನ್ನು ಹೊತ್ತು ತರುತ್ತಾರೆ. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕ ಮೈಗೆ ಸೇರಿದರೆ ರಕ್ತದಲ್ಲಿನ ಕೋಲಿನೆಸ್ಟರೇಸ್ ಎಂಬ ಕಿಣ್ವ ಪಾತಾಳಕ್ಕೆ ಇಳಿದಿರುತ್ತದೆ. ಅವರಿಗೆ ಐಸಿಯುನಲ್ಲಿ ಅಟ್ರೋಪಿನ್ ಎಂಬ ಮದ್ದು ಹಾಕುತ್ತಾರೆ. ಡಿಟಾಕ್ಸ್ ಅನ್ನುವ ಮಾತು ಒಪ್ಪುವುದು ಅಲ್ಲಿ. ಸೀಸದ ವಿಷಕ್ಕೆ ಅದನ್ನು ಹಿಡಿದು ಮೂತ್ರದಲ್ಲಿ ಹೊರಹಾಕಿಸುವ ಕೀಲೇಶನ್ ಚಿಕಿತ್ಸೆ ಇದೆ, ಕಿಡ್ನಿ ನಿಂತವರಿಗೆ ಡಯಾಲಿಸಿಸ್ ಇದೆ. ಇನ್ನು ಮನೆ ಬೋರಿನ ನೀರಿನಲ್ಲೇ ವಿಷ ಇರಬಹುದು. ಕಲಬುರಗಿ, ಯಾದಗಿರಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಫ್ಲೋರೈಡ್ ಇದೆ, ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಒಪ್ಪುವ ಮಟ್ಟ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಎಲುಬಿಗೆ ಇಳಿದ ಫ್ಲೋರೈಡನ್ನು ಯಾವ ಜ್ಯೂಸೂ ಎಬ್ಬಿಸಿ ತರುವುದಿಲ್ಲ. ನೀರಿನ ಮೂಲ ಬದಲಿಸಬೇಕು, ಇಲ್ಲವೇ ಫ್ಲೋರೈಡ್ ತೆಗೆಯುವ ಫಿಲ್ಟರ್ ಹಾಕಿಸಬೇಕು. ಡಬ್ಬಿಗೆ ಹಾಕುವ ದುಡ್ಡಿನಲ್ಲಿ ಮೊದಲು ಬೋರಿನ ನೀರು ಟೆಸ್ಟ್ ಮಾಡಿಸಿ ಅಂತ ನಾನು ಹಳ್ಳಿಯಿಂದ ಬಂದವರಿಗೆ ಹೇಳುತ್ತೇನೆ.

ಇಷ್ಟು ಹೇಳುವ ನಾನೂ ಒಮ್ಮೆ ಬಲೆಗೆ ಬಿದ್ದವಳೇ. ಲ್ಯಾಬಿನ ಮಶೀನು ಕೈಗೆ ಸಿಗುವ ಹಾಗೆ ಇದೆ, ನೋಡೇಬಿಡೋಣ ಅಂತ ಮೂರು ದಿನದ ಜ್ಯೂಸ್ ಪ್ಯಾಕೇಜ್ ತರಿಸಿದೆ. ದಿನಕ್ಕೆ ಆರು ಬಾಟಲಿ, ಬೇರೇನೂ ಇಲ್ಲ. ಶುಕ್ರವಾರ ಬೆಳಗ್ಗೆ ತೂಕ 68.4 ಕೆಜಿ, ಎಸ್‌ಜಿಪಿಟಿ 27, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ 0.7, ಪೊಟ್ಯಾಶಿಯಂ 4.2. ಶನಿವಾರ ಮಧ್ಯಾಹ್ನ ತಲೆ ಸಿಡಿಯಲು ಶುರುವಾಯಿತು. ಫೋನ್ ಮಾಡಿದರೆ ಮಾರಿದಾಕೆ, "ಛಲೋ ಆತು ಯಕ್ಕಾ, ನಂಜು ಹೊರಗ ಬರ್ಲತದ" ಅಂದಳು. ನಮ್ಮ ಅತ್ತಿ ಮಾತ್ರ ಒಳಗಿನಿಂದಲೇ ಕೂಗಿದರು, "ದಿನಾ ಐದು ಕಪ್ ಚಾ ಕುಡಿಯಾಕಿ, ಒಮ್ಮೆಲೆ ಬಿಟ್ರ ತಲಿ ನೋಯಲಾರ್ದ ಏನ್ ಆಗ್ತದ?" ಅತ್ತಿ ಹೇಳಿದ್ದೇ ಖರೆ. ರೂಢಿಯಾದ ಕೆಫೀನ್ ಒಮ್ಮೆಲೆ ನಿಲ್ಲಿಸಿದರೆ ಒಂದೆರಡು ದಿನದಲ್ಲಿ ಹೀಗೇ ತಲೆನೋವು ಬರುತ್ತದೆ.

ಸೋಮವಾರ ತೂಕ 66.2. ಖುಷಿಯಾಗಿದ್ದು ಸುಳ್ಳಲ್ಲ, ಎರಡು ಮಂದಿಗೆ ಹೇಳಿಯೂ ಬಿಟ್ಟೆ. ಎಸ್‌ಜಿಪಿಟಿ 29, ಕ್ರಿಯಾಟಿನಿನ್ 0.8, ಪೊಟ್ಯಾಶಿಯಂ 3.8, ಮೂತ್ರದಲ್ಲಿ ಹಸಿವಿಗೆ ಕೊಬ್ಬು ಕರಗಿದಾಗ ಬರುವ ಕೀಟೋನ್ ಎರಡು ಪ್ಲಸ್. ಅಂದರೆ ಲಿವರು ಕಿಡ್ನಿ ಎಂದಿನಂತೆ, ಮೈಗೆ ಮಾತ್ರ ಉಪವಾಸ ಅಂತ ಗೊತ್ತಾಗಿದೆ. ಗುರುವಾರದ ಹೊತ್ತಿಗೆ ಜೋಳದ ರೊಟ್ಟಿ, ಎಣ್ಣಿ ಬದನಿಕಾಯಿ, ಶೇಂಗಾ ಹಿಂಡಿ ತಿಂದು ತೂಕ 68.1. ಲೆಕ್ಕ ಸರಳ. ಲಿವರು ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟ ಸಕ್ಕರೆ, ಇರುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹಿಡಿದಿರುತ್ತದೆ. ಊಟ ಬಿಟ್ಟರೆ ಮೊದಲು ಖರ್ಚಾಗುವುದು ಅದೇ. ಎರಡು ಕೆಜಿ ಹೋಗುವುದಕ್ಕೂ ಬರುವುದಕ್ಕೂ ಅಷ್ಟು ಸಾಕು. ಒಬ್ಬಳ ಮೈಮೇಲೆ ಮೂರು ದಿನ ಮಾಡಿದ್ದು ಪುರಾವೆ ಆಗುವುದಿಲ್ಲ, ನನಗೂ ಗೊತ್ತು. ಆದರೆ "ಹತ್ತು ದಿನದಾಗ ನಾಕು ಕೆಜಿ ಇಳದೀನಿ" ಅಂತ ಯಾರಾದರೂ ಅಂದರೆ ಇನ್ನೊಂದು ವಾರ ಬಿಟ್ಟು ತೂಕ ನೋಡಿ ಅಂತ ಹೇಳುವ ಧೈರ್ಯ ಬಂತು.

ಎರಡನೆಯ ಕೆಲಸ, ಡಬ್ಬಿಯ ಹಿಂಭಾಗ ಓದುವುದು. ಮುಂಭಾಗದಲ್ಲಿ ಎಲೆ, ಹನಿ, ನಗುವ ಹೆಣ್ಣುಮಗಳು. ಅಸಲಿ ವಿಷಯ ಹಿಂದೆ ಸಣ್ಣಕ್ಷರದಲ್ಲಿ. ಸೋನಾಮುಖಿ ಅಥವಾ ಸೆನ್ನಾ ಅಂತ ಇದ್ದರೆ ಅದು ಭೇದಿ ಮಾಡಿಸುವ ಎಲೆ. ಲೋಳೆಸರದ ಹಳದಿ ಹಾಲಿನಿಂದ ಮಾಡಿದ್ದೂ ಅದೇ ಕೆಲಸ ಮಾಡುತ್ತದೆ. ನಮ್ಮ ಅಜ್ಜಿ ಹಿಡಿದು ಕೂರಿಸಿ ಔಡಲೆಣ್ಣಿ ಕುಡಿಸುತ್ತಿದ್ದಳಲ್ಲ, ಅದರ ತಮ್ಮ ಅನ್ನಿ. ವ್ಯತ್ಯಾಸ ಏನೆಂದರೆ ಅಜ್ಜಿ ವರ್ಷಕ್ಕೊಮ್ಮೆ ಕುಡಿಸುತ್ತಿದ್ದಳು, ದುಡ್ಡು ಕೇಳುತ್ತಿರಲಿಲ್ಲ. ಹತ್ತು ದಿನ ಬಿಡದೆ ಭೇದಿಯಾದರೆ ನೀರಿನ ಜೊತೆ ಪೊಟ್ಯಾಶಿಯಂ ಹೋಗುತ್ತದೆ. ಅದು 3.5ಕ್ಕಿಂತ ಕೆಳಗೆ ಇಳಿದರೆ ಕಾಲು ಸೆಳೆತ, ನಿಶ್ಶಕ್ತಿ, ತೀರಾ ಇಳಿದರೆ ಎದೆಬಡಿತದ ತಾಳ ತಪ್ಪುತ್ತದೆ. ಅದೂ ನಮ್ಮ ಬೇಸಿಗೆಯಲ್ಲಿ, ಬರಿ ಬೆವರಿಗೇ ಮೈ ಒಣಗುವ ಊರಿನಲ್ಲಿ.

ಹಿಂದೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇದ್ದರೆ ಆಹಾರ ಪದಾರ್ಥ ಅಂತ ಮಾರಲು ಪರವಾನಗಿ ಇದೆ ಅಂತಷ್ಟೇ ಅರ್ಥ, ರೋಗ ಗುಣ ಮಾಡುತ್ತದೆ ಅಂತಲ್ಲ. ಸಕ್ಕರೆ ಕಾಯಿಲೆ, ಬೊಜ್ಜು, ಕಿಡ್ನಿ ಕಲ್ಲು ವಾಸಿಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಆದರೂ ಆಟೋ ಹಿಂದೆ ಅದೇ ಬೋರ್ಡು.

ಕಣ್ಣೆದುರೇ ಹೊಲಸು ತೋರಿಸುವ ಚಿಕಿತ್ಸೆಗಳನ್ನು ಬೇಗ ಮುಗಿಸುತ್ತೇನೆ. ಉಪ್ಪುನೀರಿನಲ್ಲಿ ಕಾಲಿಟ್ಟರೆ ನೀರು ಕಂದಾಗುವ ಮಶೀನು ಜಾತ್ರೆಯಲ್ಲಿ ಬಂದಾಗ, ಕಾಲು ಇಡದೆ ಒಮ್ಮೆ ಓಡಿಸಿ ತೋರಿಸಿ ಅನ್ನಿ. ಆಗಲೂ ಕಂದಾಗುತ್ತದೆ, ಅದು ಕರೆಂಟಿಗೆ ಕಬ್ಬಿಣದ ತುಂಡು ತುಕ್ಕು ಬಿಡುವುದು. ಎಣ್ಣೆ, ನಿಂಬೆರಸ, ಭೇದಿಯ ಉಪ್ಪು ಕುಡಿಸಿ "ಪಿತ್ತದ ಕಲ್ಲು ಬಿದ್ದವು" ಅಂತ ಹಸಿರು ಉಂಡೆ ತೋರಿಸುತ್ತಾರೆ. ಅವು ಅದೇ ಎಣ್ಣೆ ಹೊಟ್ಟೆಯೊಳಗೆ ಸಾಬೂನಾಗಿ ಗಟ್ಟಿಯಾದವು. ನಿಜವಾದ ಕಲ್ಲು ಇದೆಯೋ ಹೋಯಿತೋ ಸೋನೋಗ್ರಫಿಯಲ್ಲಿ ಗೊತ್ತಾಗುತ್ತದೆ.

ಮನೆಯಲ್ಲೇ ಮಾಡಿಕೊಳ್ಳುವವರಿಗೂ ಎರಡು ಮಾತು. ಸೋರೆಕಾಯಿ ಜ್ಯೂಸ್ ಕುಡಿಯುವ ಮುಂಚೆ ಒಂದು ಚೂರು ಕಚ್ಚಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಬಿಸಾಕಿ. 2010ರಲ್ಲಿ ದಿಲ್ಲಿಯಲ್ಲಿ ಕಹಿ ಜ್ಯೂಸ್ ಕುಡಿದವರೊಬ್ಬರು ತೀರಿಹೋದ ಮೇಲೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ಸಮಿತಿ ಕೊಟ್ಟ ಸಲಹೆಯೂ ಇದೇ. ಆ ಕಹಿಯೇ ಕುಕುರ್ಬಿಟಾಸಿನ್ ಎಂಬ ವಿಷ. ಬೇರೆ ಜ್ಯೂಸ್ ಬೆರೆಸಿದರೆ ಕಹಿ ನಾಲಿಗೆಗೆ ಗೊತ್ತಾಗದೇ ಹೋಗಬಹುದು. ಇನ್ನು ಪಾಲಕ್. ಬೇಯಿಸಿ ಪಲ್ಯ ಮಾಡಿದರೆ ಒಬ್ಬರು ತಿನ್ನುವುದು ಎರಡು ಸೌಟು. ಮಿಕ್ಸಿಗೆ ಹಾಕಿದರೆ ಹಸಿ ಪಾಲಕ್ಕು ಒಂದು ಕಟ್ಟು ಒಂದೇ ಗ್ಲಾಸಿನಲ್ಲಿ ಇಳಿಯುತ್ತದೆ, ಜೊತೆಗೆ ಬೀಟ್‌ರೂಟ್. ಎರಡರಲ್ಲೂ ಕಿಡ್ನಿಯಲ್ಲಿ ಹರಳುಗಟ್ಟುವ ಆಕ್ಸಲೇಟ್ ಜಾಸ್ತಿ. ದಿನವೂ ಹೀಗೆ ಕುಡಿದು ಕಿಡ್ನಿ ಕೆಡಿಸಿಕೊಂಡವರ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಮೃತಬಳ್ಳಿ ಕಷಾಯದ ಬಗ್ಗೆ ಜಗಳವೇ ನಡೆಯಿತು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಸೇವಿಸಿದ ಆರು ಮಂದಿಯ ಲಿವರಿಗೆ ಆದ ಹಾನಿಯನ್ನು ವರದಿ ಮಾಡಿದರು, ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನನ್ನ ಮಾತು ಕೇಳುವುದಾದರೆ, ತಿಂಗಳುಗಟ್ಟಲೆ ಕಷಾಯ ಕುಡಿಯುವವರು ಒಂದು ಎಲ್‌ಎಫ್‌ಟಿ ಮಾಡಿಸಿಬಿಡಿ.

ಕೆಲವರು ಮಾತ್ರ ಈ ಕಡೆ ತಲೆ ಹಾಕಲೇಬಾರದು. ನನ್ನ ಮೈದುನ ಗಂಜ್‌ನಲ್ಲಿ ತೊಗರಿ ವ್ಯಾಪಾರಿ, ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತಗೊಳ್ಳುವವನು. ಯಾರೋ ಕೊಟ್ಟ ಪುಡಿ ಕುಡಿದು ಊಟ ಬಿಟ್ಟ, ಗುಳಿಗೆ ಬಿಡಲಿಲ್ಲ. ಹನ್ನೊಂದು ಗಂಟೆಗೆ ಚೀಲದ ಮೇಲೆ ಕೂತಲ್ಲೇ ಬೆವತು ಒದ್ದೆಯಾದ. ಹಮಾಲರು ಬಿಸಿಲಿನ ಝಳ ಅಂದುಕೊಂಡು ನೀರು ಹೊಡೆದರು. ಪಕ್ಕದ ಅಂಗಡಿಯವರ ಗ್ಲುಕೋಮೀಟರಿನಲ್ಲಿ ನೋಡಿದರೆ ಸಕ್ಕರೆ 52ಕ್ಕೆ ಇಳಿದಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಆಮೇಲೆ ಬಿಸ್ಕೀಟು ತಿನ್ನಿಸಿದ ಮೇಲೆ ಮನುಷ್ಯ ಮಾತಾಡಿದ. ಏಕಾದಶಿಗೋ ರೋಜಾಕ್ಕೋ ಕೂಡುವವರು ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸುತ್ತಾರೆ. ಡಬ್ಬಿ ತಂದವರು ಕೇಳುವುದಿಲ್ಲ. ಕಿಡ್ನಿ ತೊಂದರೆಯವರು, ಬಿಪಿಗೆ ಮೂತ್ರ ಜಾಸ್ತಿ ಮಾಡಿಸುವ 'ನೀರಿನ ಗುಳಿಗೆ' ತಗೊಳ್ಳುವವರು, ಬಸುರಿ ಬಾಣಂತಿಯರು, ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್ ತಗೊಳ್ಳುವ ಹೃದ್ರೋಗಿಗಳಿಗೂ ಇದೇ ಮಾತು. ವಾರ್ಫರಿನ್‌ನವರು ಸೊಪ್ಪಿನ ಪ್ರಮಾಣ ಒಮ್ಮೆಲೆ ಏರಿಸಿದರೂ ಔಷಧದ ಲೆಕ್ಕ ತಪ್ಪುತ್ತದೆ.

"ಹಂಗಾರ ನನಗ ಹಗುರ ಅನಿಸ್ತಲ್ಲ ಮೇಡಂ, ಅದು ಸುಳ್ಳಾ?" ಅಂತ ಟೀಚರ್ ಕೇಳಿದ್ದರು. ಸುಳ್ಳಲ್ಲ. ಆ ಹತ್ತು ದಿನ ಅವರು ಸಂಜೆಯ ಮಿರ್ಚಿ ಭಜಿ ಬಿಟ್ಟಿದ್ದರು, ಬಾಟಲಿ ಕೋಲಾ ಬಿಟ್ಟಿದ್ದರು, ರಾತ್ರಿ ಎಂಟಕ್ಕೇ ಊಟ ಮುಗಿಸಿ ಮಲಗಿದ್ದರು. ಕೋರ್ಸಿನ ಚೀಟಿಯಲ್ಲೇ ಹಾಗೆ ಬರೆದಿತ್ತು. ಪುಡಿ ತೆಗೆದು ಚೀಟಿ ಇಟ್ಟುಕೊಳ್ಳಿ ಅಂದೆ. ಅವರ ರಕ್ತ ನೋಡಿದರೆ ಎಸ್‌ಜಿಪಿಟಿ 61, ಇರಬೇಕಾದದ್ದಕ್ಕಿಂತ ಜಾಸ್ತಿ, ಸೋನೋಗ್ರಫಿಯಲ್ಲಿ ಲಿವರಿನಲ್ಲಿ ಕೊಬ್ಬು. ಅದಕ್ಕೆ ಡಾಕ್ಟರು ಹೇಳಿದ್ದು ಆರು ತಿಂಗಳಲ್ಲಿ ನಿಧಾನಕ್ಕೆ ಆರು ಕೆಜಿ ಇಳಿಸುವುದು, ದಿನಾ ಅಪ್ಪನ ಕೆರೆ ಸುತ್ತ ಮುಕ್ಕಾಲು ಗಂಟೆ ನಡಿಗೆ, ರೊಟ್ಟಿಯ ಜೊತೆ ಬ್ಯಾಳಿ ಪಲ್ಯ ಜಾಸ್ತಿ. ಆ ಪುಡಿಯಿಂದಲೇ ಏರಿತ್ತೋ ಮುಂಚಿನಿಂದ ಇತ್ತೋ ಹೇಳಲು ಅವರ ಹಳೇ ರಿಪೋರ್ಟು ಇರಲಿಲ್ಲ. ಹಾಗಾಗಿ ಕುಡಿಯಲೇಬೇಕು ಅನ್ನುವವರು ಶುರುಮಾಡುವ ಮುಂಚೆ ಒಮ್ಮೆ ರಕ್ತ ಕೊಟ್ಟು ಹೋಗಿ.

ನಡುವೆ ಕಣ್ಣು ಹಳದಿಯಾದರೆ, ಮೂತ್ರ ಚಹಾ ಬಣ್ಣಕ್ಕೆ ತಿರುಗಿದರೆ ಅಥವಾ ಕಡಿಮೆಯಾದರೆ, ಮೈಯೆಲ್ಲ ತುರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಡಬ್ಬಿ ಮಾತ್ರ ನಾಚಿಕೆಪಟ್ಟು ಕಸಕ್ಕೆ ಹಾಕಬೇಡಿ, ಚೀಲದಲ್ಲಿ ಹಾಕಿಕೊಂಡು ಬನ್ನಿ. ಒಳಗೆ ಏನಿತ್ತು ಅಂತ ಡಾಕ್ಟರು ಕೇಳಿದಾಗ "ಹಸಿರು ಪುಡಿ ರೀ" ಅಂದರೆ ಅವರಿಗೂ ನಮಗೂ ಏನೂ ತಿಳಿಯುವುದಿಲ್ಲ.