ಸ್ಲೀಪಿಂಗ್ ಬ್ಯಾಗ್ ತೊಳೆಯಲು ಮಕರ ತಿಂಗಳೇ ಆಗಬೇಕು

ಆಟಿ ತಿಂಗಳ ಮಳೆಯಲ್ಲಿ ಡೌನ್ ಸ್ಲೀಪಿಂಗ್ ಬ್ಯಾಗ್, ಅಂದರೆ ಹಕ್ಕಿಯ ಪುಕ್ಕ ತುಂಬಿದ ಮಲಗುವ ಚೀಲ, ತೊಳೆಯಲು ಹೊರಟಿದ್ದರೆ ಈಗಲೇ ಬದಿಗಿಡಿ. ತೊಳೆಯುವುದು ಅರ್ಧ ದಿನದ ಕೆಲಸ, ಒಣಗಿಸುವುದು ಮೂರು ನಾಲ್ಕು ದಿನದ್ದು. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋರ್ತು ಎಂಬ ತೆಳು ಟವೆಲ್ ಒಣಗಲಿಕ್ಕೇ ಎರಡು ದಿನ ಬೇಕು, ಇನ್ನು ಪುಕ್ಕ ಒಣಗೀತೇ? ಮಕರ ಬರಲಿ, ಬೆಳಗ್ಗೆ ಮೂಡುಗಾಳಿ ಬೀಸಲಿ, ಆಮೇಲೆ ನೋಡುವ.

ನನಗೆ ಇದೆಲ್ಲ ಗೊತ್ತಾದದ್ದು ಒಂದು ಚೀಲ ಹಾಳು ಮಾಡಿದ ಮೇಲೆ. ಬೆಂಗಳೂರಿನಲ್ಲಿರುವ ಪುಳ್ಳಿ ಚಳಿಗಾಲದಲ್ಲಿ ಹಿಮಾಲಯದ ಕೇದಾರಕಂಠ ಹತ್ತಿ ಬಂದವನು, "ಅಜ್ಜೀ, ಇದರ ಒಂದರಿ ತೊಳದು ಕೊಡು" ಎಂದು ಜಗಲಿಯಲ್ಲಿ ಇಟ್ಟು ಹೋದ. ಒಳಗಿರುವುದು ಬಾತುಕೋಳಿಯ ಪುಕ್ಕ ಎಂದು ತಿಳಿದಾಗ ನಾನು ಒಂದು ಮಾರು ಹಿಂದೆ ಸರಿದದ್ದೂ ಉಂಟು. ಆದರೂ ಪುಳ್ಳಿಯ ಕೆಲಸವಲ್ಲವೇ! ಬಟ್ಟೆ ಒಗೆಯುವ ಪುಡಿ ಕಲಸಿ ನೆನೆಹಾಕಿದೆ, ಕಂಬಳಿ ಎತ್ತಿದ ಹಾಗೆ ಒಂದು ತುದಿ ಹಿಡಿದು ಎತ್ತಿದೆ. ಒಳಗೆ ಚರ್ರೆಂದು ಹೊಲಿಗೆ ಬಿಟ್ಟಿತು. ಪುಕ್ಕವೆಲ್ಲ ಜಾರಿ ಕಾಲಿನ ಬದಿಯಲ್ಲಿ ಮುದ್ದೆ. ಅವನು ಏನೂ ಹೇಳಲಿಲ್ಲ, ಹೇಳಿದ್ದರೆ ಒಳ್ಳೆಯದಿತ್ತು.

ಡೌನ್ ಎಂದರೆ ಬಾತುಕೋಳಿ, ಹೆಬ್ಬಾತುಗಳ ಹೊರಗರಿಯ ಅಡಿಯಲ್ಲಿರುವ ದಂಟಿಲ್ಲದ ಪುಕ್ಕ. ಮಕ್ಕಳು ಊದಿ ಹಾರಿಸುವ ಅಜ್ಜನ ಗಡ್ಡದ ಹಾಗೆ ಒಂದೊಂದೂ ಎಳೆ ಬಿಚ್ಚಿಕೊಂಡಿರುತ್ತದೆ. ಎಳೆಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಚೀಲದ ಮೇಲೆ 600, 700, 800 ಎಂದು ಬರೆದಿರುವುದು ಒಂದು ಔನ್ಸ್ ಪುಕ್ಕ ಎಷ್ಟು ಘನ ಇಂಚು ಜಾಗಕ್ಕೆ ಉಬ್ಬುತ್ತದೆ ಎಂಬ ಲೆಕ್ಕ. ಮೈಯ ಎಣ್ಣೆ, ಬೆವರು ಕೂತರೆ ಎಳೆಗಳು ಅಂಟಿಕೊಳ್ಳುತ್ತವೆ, ಉಬ್ಬು ಇಳಿಯುತ್ತದೆ. ತೊಳೆಯಬೇಕಾದದ್ದು ಆವಾಗ ಮಾತ್ರ. ಕುತ್ತಿಗೆ ತಾಗುವ ಜಾಗ ಮಾತ್ರ ಕಪ್ಪಾಗಿದ್ದರೆ ಅಲ್ಲಿನ ಹೊರಬಟ್ಟೆಯನ್ನು ಪುಕ್ಕದಿಂದ ಈಚೆಗೆ ಎಳೆದು ಹಿಡಿದು, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲನೆ ಉಜ್ಜಿ ಒರೆಸಿದರೆ ಸಾಕು.

ಪುಡಿ ಯಾಕೆ ಬೇಡ? ಬೆವರು, ರಕ್ತದ ಕಲೆಯ ಪ್ರೋಟೀನ್ ಕರಗಿಸಲೆಂದು ಎಷ್ಟೋ ಪುಡಿಗಳಿಗೆ ಎಂಜೈಮ್ ಸೇರಿಸಿರುತ್ತಾರೆ. ಪುಕ್ಕವೂ ನಮ್ಮ ಕೂದಲಿನ ಹಾಗೆ ಕೆರಾಟಿನ್ ಎಂಬ ಪ್ರೋಟೀನೇ. ಬ್ಲೀಚ್ ಬೇಡ, ಬಟ್ಟೆ ಮೆದು ಮಾಡುವ ಘಮಘಮ ದ್ರವವಂತೂ ಬೇಡವೇ ಬೇಡ, ಎಳೆಗಳಿಗೆ ಅಂಟಿ ಕೂರುತ್ತದೆ. ರೇಷ್ಮೆ ಸೀರೆಗೆ ನಾನು ಈಗಲೂ ಅಂಟುವಾಳ ಹಾಕುವವಳೇ, ಆದರೆ ಅದರ ಕಂದು ನೀರನ್ನು ಇದಕ್ಕೆ ತಾಗಿಸುವುದಿಲ್ಲ. ಚಾರಣದ ಸಾಮಾನಿನ ಅಂಗಡಿಯಲ್ಲಿ ಡೌನ್ ವಾಷ್ ಎಂಬ ದ್ರವ ಸಿಗುತ್ತದೆ, ಅದನ್ನೇ ತರಿಸಿ. ಸೀಸೆಯ ಮೇಲೆ ಬರೆದ ಅಳತೆ ಮೀರಬೇಡಿ.

ಜಿಪ್ ಎಳೆದು ಮುಚ್ಚಿ, ಒಳಮೈ ಹೊರಗೆ ಮಾಡಿ ತೊಟ್ಟಿಯ ಉಗುರುಬೆಚ್ಚಗಿನ ನೀರಿಗೆ ಇಳಿಸಿ. ಗಾಳಿ ತುಂಬಿದ್ದರಿಂದ ತೇಲುತ್ತದೆ, ಅಂಗೈಯಿಂದ ಒತ್ತಿ ಒತ್ತಿ ಮುಳುಗಿಸಬೇಕು. ಉಜ್ಜಬಾರದು, ಹಿಂಡಬಾರದು, ಕಲ್ಲಿಗೆ ಬಡಿಯುವ ಮಾತೇ ಇಲ್ಲ. ಒಂದು ಗಂಟೆ ನೆನೆಯಲಿ. ಆಮೇಲೆ ನೀರು ಬಿಟ್ಟು ಮತ್ತೆ ತುಂಬಿಸಿ, ನೊರೆ ಪೂರ್ತಿ ನಿಲ್ಲುವವರೆಗೆ. ನನಗೆ ಆರು ಸಲ ಬೇಕಾಯಿತು. ನಮ್ಮಲ್ಲಿ ಮುರಕಲ್ಲಿನ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಪಂಪಿಲ್ಲದೆ ತೊಟ್ಟಿಗೆ ಬೀಳುವುದರಿಂದ ಎಷ್ಟು ನೀರು ಹೋಯಿತೆಂದು ಲೆಕ್ಕ ಇಡಲಿಲ್ಲ. ಹಿಂದೆ ಅದು ಅಡಕೆ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಎತ್ತುವಾಗ ಎಳೆ ಶಿಶುವನ್ನು ಎತ್ತಿದ ಹಾಗೆ ಎರಡೂ ಕೈ ಅಡಿಗೆ ಕೊಟ್ಟು, ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಯಂತ್ರವಾದರೆ ಮುಂದೆ ಬಾಗಿಲಿರುವ ದೊಡ್ಡದು ಆಗಬಹುದು. ನಡುವೆ ಕಂಬ ತಿರುಗುವ ಯಂತ್ರ ಒಳಹೊಲಿಗೆ ಹರಿಯುತ್ತದೆ.

ಇನ್ನು ಒಣಗಿಸುವುದು. ತಂತಿಗೆ ತೂಗುಹಾಕಬೇಡಿ, ನೀರಿನ ಭಾರಕ್ಕೆ ಪುಕ್ಕ ಇಳಿಯುತ್ತದೆ. ಹೆಣಿಕೆಯ ಮಂಚದ ಮೇಲೆ ಮಲಗಿಸಿ, ಅಡಿಯಿಂದಲೂ ಗಾಳಿಯಾಡಲಿ. ಉರಿಬಿಸಿಲು ನೈಲಾನಿಗೆ ಆಗದು, ಮೇಲೊಂದು ತೆಳು ಪಂಚೆ ಹೊದೆಸಿ. ಅದರಿಂದ ಕಾಗೆಯ ಉಪದ್ರವೂ ತಪ್ಪುತ್ತದೆ. ಎರಡು ಗಂಟೆಗೊಮ್ಮೆ ಮಗುಚಿ, ಗಂಟು ಸಿಕ್ಕಿದಲ್ಲಿ ಬೆರಳ ತುದಿಯಲ್ಲಿ ಬಿಡಿಸಿ. ಸಂಜೆ ಮಂಜು ಬೀಳುವ ಮೊದಲು ಒಳಗೆ ತನ್ನಿ.

ಎರಡನೇ ದಿನ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ, ನಂಬಬೇಡಿ. ಮಾವಿನ ರಸ ಒಣಗಿಸಿ ಮಾಂಬಳ ಮಾಡಿದವರಿಗೆ ಗೊತ್ತು, ಮೇಲೆ ಒಣಗಿ ಅಡಿ ಹಸಿ ಉಳಿದದ್ದನ್ನು ಸುತ್ತಿಟ್ಟರೆ ಬೂಷ್ಟು ಗ್ಯಾರಂಟಿ. ಬೆಳಕಿಗೆ ಹಿಡಿದು ನೋಡಿ, ಕಪ್ಪು ಮುದ್ದೆ ಕಂಡಲ್ಲಿ ಇನ್ನೂ ನೀರಿದೆ. ಒದ್ದೆ ಕೋಳಿಯ ವಾಸನೆ ಬಂದರೂ ಅಷ್ಟೇ. ನನ್ನದು ನಾಲ್ಕನೇ ದಿನ ಮಧ್ಯಾಹ್ನಕ್ಕೆ ಉಬ್ಬಿತು. ಪೇಟೆಯಲ್ಲಿ ದೊಡ್ಡ ಡ್ರೈಯರ್ ಇರುವ ಲಾಂಡ್ರಿ ಸಿಕ್ಕಿದರೆ ಕಡಿಮೆ ಬಿಸಿಯಲ್ಲಿ, ಎರಡು ಮೂರು ಟೆನಿಸ್ ಚೆಂಡು ಒಟ್ಟಿಗೆ ಹಾಕಿಸಿ. ಚೆಂಡು ಬಡಿದು ಗಂಟು ಒಡೆಯುತ್ತದೆ. ಅದಕ್ಕೂ ಮೂರು ನಾಲ್ಕು ಗಂಟೆ ಬೇಕು. ಬಿಸಿ ಹೆಚ್ಚಾದರೆ ಹೊರಬಟ್ಟೆಯೇ ಕರಗೀತು.

ಇಡುವುದು ಅದರ ಪುಟ್ಟ ಕಟ್ಟುಚೀಲದಲ್ಲಿ ಅಲ್ಲ. ತಿಂಗಳುಗಟ್ಟಲೆ ಅದುಮಿಟ್ಟರೆ ಪುಕ್ಕ ಮತ್ತೆ ಎದ್ದು ನಿಲ್ಲುವುದಿಲ್ಲ. ಎರಡು ಪಂಚೆ ಜೋಡಿಸಿ ದೊಡ್ಡ ಚೀಲ ಹೊಲಿದು, ಸಡಿಲವಾಗಿ ತುಂಬಿ ಕಪಾಟಿನಲ್ಲಿಡಿ. ಅಡುಗೆಮನೆಯ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಟ್ಟೀರಿ, ಹೊಗೆವಾಸನೆ ಹೋಗದು, ಇಲಿಯ ಕಾಟ ಬೇರೆ.

ಪುಳ್ಳಿ ಎರಡನೇ ಚೀಲ ತಂದಾಗ ನಾನು ನನ್ನ ಹಳೆಯ ರೇಷ್ಮೆ ಸೀರೆಯಿಂದ ಅದರೊಳಗೆ ಹಾಕಲು ಒಂದು ಗವಸು ಹೊಲಿದುಕೊಟ್ಟೆ. ಹಗುರ, ಮಡಚಿದರೆ ಮುಷ್ಟಿಯಷ್ಟು. ಬೆವರೆಲ್ಲ ಅದಕ್ಕೇ ಹತ್ತುತ್ತದೆ. ಬೆಟ್ಟದಿಂದ ಬಂದ ಮೇಲೆ ತೊಳೆಯುವುದು ಅದೊಂದನ್ನೇ. ಜರಿಯ ಅಂಚು ಕತ್ತರಿಸಿ ತೆಗೆಯಬೇಕು ಎಂದು ಮಾತ್ರ ಆಗ ಹೊಳೆಯಲಿಲ್ಲ. ರಾತ್ರಿಯಿಡೀ ಕುತ್ತಿಗೆ ಕೆರೆದುಕೊಂಡನಂತೆ.