ಗೋಡೆಗೆ ಅಂಟಿಸಿದ ಐದು ಹಾಳೆ: ಕಡಿಮೆ ಬೆಲೆಯ ಜೂಮ್ ಲೆನ್ಸ್ ಪರೀಕ್ಷಿಸುವ ಬಗೆ

ನನ್ನ ಮೊದಲ ಜೂಮ್ ಲೆನ್ಸನ್ನು ಹಾಳು ಮಾಡಿದ್ದು ಶಿರಸಿಯ ಮಳೆ ಎಂದು ಬಹಳ ದಿನ ನಂಬಿದ್ದೆ. ಅದು ಬರುವಾಗಲೇ ಕಾಯಿಲೆ ಹೊತ್ತು ಬಂದಿತ್ತು ಎಂಬುದು ಆಮೇಲೆ ತಿಳಿಯಿತು. ದೂರದ ಊರಿನ ಅಂಗಡಿಯೊಂದರಲ್ಲಿ ಕೊಂಡ ಹಳೆಯ ನಿಕಾನ್ 18-105 ಅದು; 18 ಮಿ.ಮೀ.ಗೆ ಇಟ್ಟರೆ ಅಗಲ ನೋಟ, 105ಕ್ಕೆ ಎಳೆದರೆ ದೂರದ್ದು ಹತ್ತಿರ. ‘ಒಂದು ಗೀರಿಲ್ಲ ನೋಡಿ ಮೇಡಂ’ ಎಂದರು ಅಂಗಡಿಯವರು. ನಾನೂ ಗೀರನ್ನಷ್ಟೇ ಹುಡುಕಿದೆ, ಸಿಗಲಿಲ್ಲ, ದುಡ್ಡು ಎಣಿಸಿ ಕೊಟ್ಟೆ. ಮೂರನೆಯ ತಿಂಗಳಿಗೆ ಬೆಳಕಿಗೆ ಎದುರಾಗಿ ತೆಗೆದ ಚಿತ್ರಗಳೆಲ್ಲ ಮಜ್ಜಿಗೆ ನೀರಿನಲ್ಲಿ ಅದ್ದಿದಂತೆ ಮಬ್ಬಾಗತೊಡಗಿದವು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಜೇಡನ ನೂಲಿನಂಥ ಫಂಗಸ್. ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಬೆಳಕಿನ ಪಾಠ ಹೇಳುವ ಅಕ್ಕೋರಿಗೇ ಹೀಗಾದರೆ ಉಳಿದವರ ಗತಿಯೇನು ಎಂದು ಮನೆಯಲ್ಲಿ ಎಲ್ಲರೂ ನಕ್ಕರು.

ಅದಾದ ಮೇಲೆ ಕೊಂಡದ್ದು 18-140. ಮೊದಲು ತಂದದ್ದನ್ನು ಹಿಂದಿರುಗಿಸಿ, ಅದೇ ಮಾದರಿಯ ಇನ್ನೊಂದನ್ನು ಇಟ್ಟುಕೊಂಡೆ. ಒಂದೇ ಕಾರ್ಖಾನೆಯ ಒಂದೇ ಹೆಸರಿನ ಎರಡು ಲೆನ್ಸುಗಳು ಒಂದೇ ರೀತಿ ಇರುವುದಿಲ್ಲ. ಅಗ್ಗದ ಜೂಮ್ ಕೊಳ್ಳುವವರು ಮಾದರಿಯ ಹೆಸರಿಗಿಂತ ಕೈಯಲ್ಲಿರುವ ಆ ಒಂದು ಲೆನ್ಸನ್ನೇ ಪರೀಕ್ಷಿಸಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಅದಕ್ಕೂ ಮೊದಲು ನಿಮ್ಮದೇ ಹಳೆಯ ಚಿತ್ರಗಳನ್ನು ತೆರೆಯಿರಿ. ಕ್ಯಾಮೆರಾದ ಪ್ರತಿ ಫೈಲಿನ ವಿವರದಲ್ಲಿ ಆ ಚಿತ್ರದ ಫೋಕಲ್ ಲೆಂಗ್ತ್, ಅಂದರೆ ಜೂಮ್ ಆಗ ಎಷ್ಟು ಮಿ.ಮೀ.ನಲ್ಲಿತ್ತು ಎಂಬುದು ದಾಖಲಾಗಿರುತ್ತದೆ. (ನಮ್ಮ ಪಠ್ಯಪುಸ್ತಕದಲ್ಲಿ ಅದು ಸಂಗಮ ದೂರ. ಅಂಗಡಿಯಲ್ಲಿ ಹಾಗೆ ಕೇಳಿದರೆ ನಿಮ್ಮ ಮುಖ ನೋಡುತ್ತಾರೆ.) ಎರಡು ವರ್ಷದ ಚಿತ್ರಗಳನ್ನು ನೋಡಿದಾಗ ನನ್ನವು ಮುಕ್ಕಾಲು ಪಾಲು 18ರಿಂದ 50 ಮಿ.ಮೀ. ಒಳಗೇ ಇದ್ದವು: ಅಡುಗೆಮನೆ, ತೋಟ, ಹಬ್ಬಕ್ಕೆ ಬಂದ ನೆಂಟರು. ಹಾಗಿದ್ದರೆ ಕ್ಯಾಮೆರಾದ ಜೊತೆಗೇ ಬರುವ 18-55 ಸಾಕಿತ್ತಲ್ಲ? ಸಾಕಿತ್ತು. ಆದರೆ ಪ್ರಿಂಟ್ ಹಾಕಿಸಿ ಗೋಡೆಗೆ ತೂಗಿಸಿದ ಚಿತ್ರಗಳು ಯಾವುವು ಎಂದು ನೋಡಿದೆ. ಹೆಚ್ಚಿನವು ಉಳಿದ ಕಾಲು ಪಾಲಿನವು. ಶಾಲಾ ವಾರ್ಷಿಕೋತ್ಸವದಲ್ಲಿ ಸಭಾಂಗಣದ ಹಿಂದಿನ ಸಾಲಿನಿಂದ ತೆಗೆದ ಮಕ್ಕಳ ಮುಖಗಳು, ಮಾರಿಕಾಂಬಾ ಜಾತ್ರೆಯಲ್ಲಿ ರಥದ ಮೇಲಿನವರ ಕೈಗಳು. ಎಣಿಕೆ ಒಂದು ಹೇಳಿತು, ಗೋಡೆ ಇನ್ನೊಂದು ಹೇಳಿತು. ನಾನು ಗೋಡೆಯ ಮಾತು ಕೇಳಿದೆ. ನಿಮ್ಮ ಗೋಡೆ 18-55 ಸಾಕೆಂದರೆ ದಯವಿಟ್ಟು ಅದನ್ನೇ ಕೊಳ್ಳಿ. ಹಗುರ, ಅಗ್ಗ, ಚಿತ್ರವೂ ಚೆನ್ನ.

ನಿಕಾನ್‌ನ ಡಿಎಕ್ಸ್ ಬಗೆಯ ಕ್ಯಾಮೆರಾದಲ್ಲಿ ಸೆನ್ಸರ್ (ಚಿತ್ರ ಹಿಡಿಯುವ ಫಲಕ) ಚಿಕ್ಕದು, ಆದ್ದರಿಂದ ಈ ಅಂಕಿಗಳನ್ನು ಒಂದೂವರೆಯಿಂದ ಗುಣಿಸಿದರೆ ಹಳೆಯ ಫಿಲ್ಮ್ ಲೆಕ್ಕ ಸಿಗುತ್ತದೆ: 18-140 ಎಂದರೆ 27-210. ಕ್ಯಾನನ್‌ನ ಇಂಥ ಕ್ಯಾಮೆರಾಗಳಲ್ಲಿ ಗುಣಿಸಬೇಕಾದದ್ದು 1.6ರಿಂದ. ಜಾತ್ರೆಯಲ್ಲಿ ದೇವಿಯ ರಥ ಗದ್ದುಗೆ ಇರುವ ಬಿಡಕಿಬೈಲಿನತ್ತ ಬರುವಾಗ ಇಡೀ ಬೀದಿ 18ಕ್ಕೆ ಬೇಕು, ಮರುಕ್ಷಣ ಒಬ್ಬ ಅಜ್ಜಿಯ ಮುಗಿದ ಕೈ 140ಕ್ಕೆ ಬೇಕು. ಆ ಧೂಳಿನಲ್ಲಿ, ಆ ನೂಕಾಟದಲ್ಲಿ ಲೆನ್ಸ್ ಬಿಚ್ಚಿ ಬದಲಿಸುವುದು ಸೆನ್ಸರಿಗೆ ಮಣ್ಣು ಕುಡಿಸಿದಂತೆ. ದಿನಬಳಕೆಯ ಜೂಮಿಗೆ ಮಹತ್ವ ಬರುವುದು ಇಂಥಲ್ಲಿ.

ಅದರ ಬಡತನವನ್ನೂ ಹೇಳಬೇಕು. ಲೆನ್ಸಿನ ಮೇಲೆ 1:3.5-5.6 ಎಂದು ಬರೆದಿರುತ್ತದೆ. 18ರಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/3.5ರವರೆಗೆ ತೆರೆಯುತ್ತದೆ, ಪೂರ್ತಿ ಎಳೆದಾಗ ಎಫ್/5.6ಕ್ಕೆ ನಿಲ್ಲುತ್ತದೆ (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಈ ಎರಡರ ನಡುವೆ ಬೆಳಕಿನ ವ್ಯತ್ಯಾಸ ಎರಡೂವರೆ ಪಟ್ಟು. ನಡುಕ ತಡೆಯುವ ವ್ಯವಸ್ಥೆ, ವಿಆರ್ ಇದೆಯಲ್ಲ ಎನ್ನುತ್ತಾರೆ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ರಾತ್ರಿ ಯಕ್ಷಗಾನದಲ್ಲಿ ದಿಗಿಣ ಹೊಡೆಯುವ ವೇಷಕ್ಕೆ 1/250 ಸೆಕೆಂಡಿನ ಶಟರ್ ವೇಗವಾದರೂ ಬೇಕು, ಎಫ್/5.6ರಲ್ಲಿ ಆ ವೇಗ ಸಿಗಬೇಕಾದರೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ದಾಟಿ ಚಿತ್ರ ರವೆರವೆಯಾಗುತ್ತದೆ. ಇದಕ್ಕೆ ದುಬಾರಿ ಜೂಮ್ ಹುಡುಕುವ ಬದಲು ನಾನು 35 ಮಿ.ಮೀ. ಎಫ್/1.8 ಲೆನ್ಸೊಂದನ್ನು ಜೊತೆಗಿಟ್ಟುಕೊಂಡೆ. ಎಫ್/5.6ಕ್ಕೆ ಹೋಲಿಸಿದರೆ ಸುಮಾರು ಹತ್ತು ಪಟ್ಟು ಬೆಳಕು. ಜೂಮ್ ಇಲ್ಲ, ರಂಗಸ್ಥಳದ ಹತ್ತಿರ ಕೂರಬೇಕು, ಅಷ್ಟೇ.

ಇನ್ನು ಬಳಸಿದ ಲೆನ್ಸ್ ಕೊಳ್ಳಲು ಅಂಗಡಿಗೆ ಹೋಗೋಣ. ನಿಮ್ಮದೇ ಕ್ಯಾಮೆರಾ, ಖಾಲಿ ಕಾರ್ಡು, ಒಂದು ಸಣ್ಣ ಟಾರ್ಚ್ ಒಯ್ಯಿರಿ. ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಹೊಂದುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ. ನನ್ನ ಕ್ಯಾಮೆರಾ ನಿಕಾನ್ ಡಿ5300ರ ಒಳಗೆ ಫೋಕಸ್ ಮೋಟರ್ ಇಲ್ಲ. ಆದ್ದರಿಂದ ನಿಕಾನ್ ಲೆನ್ಸುಗಳಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿಯಂತೆ ತನ್ನೊಳಗೇ ಮೋಟರ್ ಇರುವುದು ಮಾತ್ರ ತಾನಾಗಿ ಫೋಕಸ್ ಮಾಡುತ್ತದೆ. ಬರೀ ಎಎಫ್ ಎಂದಿರುವ ಹಳೆಯ ನಿಕಾನ್ ಲೆನ್ಸಿಗೆ ಕೈಯಲ್ಲೇ ಉಂಗುರ ತಿರುಗಿಸಬೇಕು. ಎಎಫ್-ಪಿಯಲ್ಲೂ ಒಂದು ತೊಡಕಿದೆ: ಡಿ3100, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಅದು ಫೋಕಸ್ ಆಗುವುದೇ ಇಲ್ಲ, ಕೈಯಿಂದಲೂ ಇಲ್ಲ. ಡಿ5300ಕ್ಕೆ ಕ್ಯಾಮೆರಾದ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹೊಸದಾಗಿರಬೇಕು.

ಟಾರ್ಚಿನ ಕೆಲಸ ಹೀಗೆ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ. ಜೂಮನ್ನು ಅತ್ತಿತ್ತ ಎಳೆಯುತ್ತ ನೋಡಬೇಕು, ಒಳಗಿನ ಗಾಜುಗಳು ಜಾಗ ಬದಲಿಸುತ್ತವೆ. ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಧೂಳು. ಹತ್ತಿಪ್ಪತ್ತು ಕಣ ಇದ್ದರೂ ಚಿತ್ರಕ್ಕೆ ಏನೂ ಆಗದು, ಬೆಲೆ ಇಳಿಸಲು ಮಾತ್ರ ಅದನ್ನು ಬಳಸಿಕೊಳ್ಳಿ. ಕವಲೊಡೆದ ಎಳೆಗಳು ಕಂಡರೆ ಫಂಗಸ್. ಅಂಚಿನಲ್ಲಿ ಉಗುರಿನಷ್ಟೇ ಇದ್ದರೂ ಕೆಳಗಿಟ್ಟು ಎದ್ದು ಬನ್ನಿ. ಅದು ಗಾಜಿನ ಲೇಪವನ್ನೇ ತಿನ್ನುತ್ತದೆ, ಬಿಚ್ಚಿ ಒರೆಸಿದರೂ ಗುರುತು ಉಳಿಯಬಹುದು.

ಹಿಂಬದಿಯ ತಿರುಪುಗಳ ತಲೆ ಸವೆದಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. 18-105ರ ಹಿಂಬದಿಯ ಉಂಗುರ ಪ್ಲಾಸ್ಟಿಕ್, 18-140ರದ್ದು ಲೋಹ. ಜೋಪಾನವಾಗಿ ಬಳಸುವವರಿಗೆ ಪ್ಲಾಸ್ಟಿಕ್ ಕೂಡ ತೊಂದರೆ ಕೊಡದು, ಆದರೆ ಬಿರುಕಿದೆಯೇ ನೋಡಿಕೊಳ್ಳಿ. ಈ ಎರಡು ಲೆನ್ಸುಗಳಲ್ಲೂ ಹಿಂದೆ ಒಂದು ಪುಟ್ಟ ಲೋಹದ ಕಡ್ಡಿ ಇರುತ್ತದೆ. ಬೆರಳಿನಿಂದ ಅದನ್ನು ಸರಿಸಿ ಬಿಟ್ಟರೆ ಅಪರ್ಚರ್ ಎಲೆಗಳು ಚಕ್ಕನೆ ಹಿಂದಿರುಗಬೇಕು. ಸೋಮಾರಿಯಂತೆ ತೆವಳಿದರೆ ಎಲೆಗಳಿಗೆ ಎಣ್ಣೆ ಹತ್ತಿದೆ. ಲೆನ್ಸನ್ನು ನೆಲದ ಕಡೆಗೆ ತೂಗಿಹಿಡಿದು ಮೆಲ್ಲಗೆ ಕುಲುಕಿದಾಗ ತಾನೇ ಉದ್ದವಾದರೆ ಬಹಳ ಬಳಸಿದ ಲೆನ್ಸು. ಕಿರಿಕಿರಿ ಹೌದು, ದೋಷ ಅಲ್ಲ. ಆದರೆ ಜೂಮ್ ಉಂಗುರ ಒಂದೇ ಜಾಗದಲ್ಲಿ ತಡೆದು ಮುಂದೆ ಹೋದರೆ ಎಂದೋ ಬಿದ್ದಿರುವ ಅನುಮಾನ. ಫಿಲ್ಟರ್ ಹಾಕುವ ಅಂಚು ಒಂದು ಕಡೆ ಚಪ್ಪಟೆಯಾಗಿದ್ದರೆ ಅನುಮಾನವೇ ಬೇಡ, ಬಿದ್ದಿದೆ.

ಇಷ್ಟು ಮುಗಿಸಿ, ಏಳು ದಿನದಲ್ಲಿ ಹಿಂದಿರುಗಿಸಬಹುದು ಎಂದು ರಸೀದಿಯ ಮೇಲೆ ಬರೆಸಿಕೊಂಡೇ ಮನೆಗೆ ತನ್ನಿ. ಬಾಯಿಮಾತು ಸಾಲದು. ನಿಜವಾದ ಪರೀಕ್ಷೆ ನಿಮ್ಮ ಮನೆಯ ಗೋಡೆಯ ಮೇಲೆ.

ನಮ್ಮ ಅಂಗಳದ ಚಿರೆಕಲ್ಲಿನ ಗೋಡೆಗೆ ದಿನಪತ್ರಿಕೆಯ ಐದು ಹಾಳೆ ಅಂಟಿಸುತ್ತೇನೆ: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ವರ್ಗೀಕೃತ ಜಾಹೀರಾತಿನ ಪುಟವೇ ಬೇಕು, ಅಕ್ಷರ ಸಣ್ಣದು. ಒಟ್ಟು ಅಗಲ ಎರಡೂವರೆ ಮೀಟರ್ ಎಂದಿಟ್ಟುಕೊಳ್ಳಿ. 18ರಲ್ಲಿ ಗೋಡೆಯಿಂದ 2 ಮೀಟರ್ ದೂರ ನಿಂತರೆ ಐದೂ ಹಾಳೆ ಚೌಕಟ್ಟಿಗೆ ಹಿಡಿಸುತ್ತವೆ. 140ರಲ್ಲಿ 15 ಮೀಟರ್ ಹಿಂದೆ ಸರಿಯಬೇಕು, ಅಂದರೆ ನಮ್ಮಲ್ಲಿ ಕೊಟ್ಟಿಗೆಯ ಬಾಗಿಲ ತನಕ. ಕ್ಯಾಮೆರಾ ಗೋಡೆಗೆ ನೇರವಾಗಿರಬೇಕು. ನಡುವಿನ ಹಾಳೆಯ ಮೇಲೆ ಒಂದು ಚಿಕ್ಕ ಕನ್ನಡಿಯನ್ನು ಗೋಡೆಗೆ ಒತ್ತಿ ಹಿಡಿಸಿ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ನೇರವಾಗಿದೆ ಎಂದರ್ಥ. ಟ್ರೈಪಾಡ್, ವಿಆರ್ ಬಂದ್, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್. ಕನ್ನಡಿ ತೆಗೆಸಿ, ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ ನಡುವಿನ ಹಾಳೆಗೆ ಫೋಕಸ್ ಮಾಡಿ. 18, 35, 70, 140 ಈ ನಾಲ್ಕು ಜಾಗದಲ್ಲಿ, ಪ್ರತಿಯೊಂದರಲ್ಲೂ ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್/8ಕ್ಕೆ ಇಟ್ಟು ಒಂದು. ಎಂಟು ಚಿತ್ರ, ಅರ್ಧ ಗಂಟೆಯ ಕೆಲಸ.

ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿದಾಗ ಗಾಬರಿಯಾಗಬೇಡಿ. ತೆರೆದ ಅಪರ್ಚರಿನಲ್ಲಿ ಮೂಲೆಗಳು ನಡುವಿಗಿಂತ ಮಸುಕಾಗಿಯೇ ಇರುತ್ತವೆ. ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿ, ಎಫ್/8ರಲ್ಲಿ ಚೇತರಿಸಿಕೊಂಡರೆ ಆ ಬೆಲೆಗೆ ಸಿಗುವ ವಿನ್ಯಾಸವೇ ಅಷ್ಟು. ಒಂದೇ ಮೂಲೆ ಅಥವಾ ಒಂದೇ ಬದಿ ಮಸುಕಾದರೆ ಒಳಗಿನ ಗಾಜು ಓರೆಯಾಗಿ ಕುಳಿತಿದೆ. ನಾನು ಮೊದಲು ತಂದ 18-140 ಹಾಗಿತ್ತು. 140ರಲ್ಲಿ ಎಡಬದಿಯ ಎರಡೂ ಹಾಳೆಗಳಲ್ಲಿ ‘ಬಾಡಿಗೆಗೆ ಇದೆ’ ಎಂಬುದನ್ನು ಸಲೀಸಾಗಿ ಓದಬಹುದಿತ್ತು; ಬಲಬದಿಯಲ್ಲಿ ಎಲ್ಲ ಅಕ್ಷರಗಳೂ ನೀರು ಬಿದ್ದ ಶಾಯಿಯಂತೆ ಕಲಸಿಹೋಗಿದ್ದವು, ಎಫ್/8ರಲ್ಲೂ. ಕ್ಯಾಮೆರಾ ಓರೆಯಾಗಿತ್ತೋ ಏನೋ ಎಂಬ ಸಂಶಯ ಬಂತು. ಕ್ಯಾಮೆರಾವನ್ನು ತಲೆಕೆಳಗಾಗಿ ಹಿಡಿದು, ಮತ್ತೆ ಕನ್ನಡಿಗೆ ನೇರ ಮಾಡಿ ಅದೇ ಚಿತ್ರ ತೆಗೆದೆ. ಮಸುಕು ಗೋಡೆಯ ಅದೇ ಹಾಳೆಗಳಲ್ಲಿ ಉಳಿದರೆ ತಪ್ಪು ನಿಲ್ಲಿಸಿದವರದ್ದು, ಇನ್ನೊಂದು ಬದಿಯ ಹಾಳೆಗೆ ದಾಟಿದರೆ ಲೆನ್ಸಿನದ್ದು. ದಾಟಿತು. ಮರುದಿನವೇ ಮೊದಲ ಬಸ್ಸು ಹತ್ತಿದೆ. ಅಂಗಡಿಯವರು ಮೊದಲು ‘ಎಲ್ಲ ಲೆನ್ಸೂ ಹೀಗೇ ಇರುತ್ತವೆ ಮೇಡಂ’ ಎಂದರು. ಎರಡು ಚಿತ್ರವನ್ನೂ ಅಕ್ಕಪಕ್ಕ ತೋರಿಸಿದ ಮೇಲೆ ಒಳಗಿನಿಂದ ಇನ್ನೊಂದು ತಂದುಕೊಟ್ಟರು. ಅದಕ್ಕೆ ಕೊಟ್ಟದ್ದು 11,500 ರೂಪಾಯಿ.

18ರಲ್ಲಿ ಗೋಡೆಯ ಕಲ್ಲಿನ ಸಾಲುಗಳು ಬ್ಯಾರಲ್ಲಿನ ಹೊಟ್ಟೆಯಂತೆ ಉಬ್ಬುತ್ತವೆ, ಮುಂದೆ ಎಳೆದಾಗ ಒಳಕ್ಕೆ ಬಾಗುತ್ತವೆ. ಇದಕ್ಕಾಗಿ ಲೆನ್ಸ್ ಬೇಡವೆನ್ನಬೇಕಾಗಿಲ್ಲ. ಡಿ5300ರ ಮೆನುವಿನಲ್ಲಿರುವ ಆಟೊ ಡಿಸ್ಟಾರ್ಷನ್ ಕಂಟ್ರೋಲ್ ಹಾಕಿದರೆ ಜೆಪೆಗ್ ಚಿತ್ರದಲ್ಲಿ ತಾನೇ ನೆಟ್ಟಗಾಗುತ್ತದೆ. ಅಂಚಿನ ನೇರಳೆ ಗೆರೆ, ಮೂಲೆಯ ಕತ್ತಲು ಕೂಡ ಸಾಫ್ಟ್‌ವೇರಿನಲ್ಲಿ ಹೋಗುತ್ತವೆ. ಓರೆಯಾದ ಗಾಜನ್ನು ಮಾತ್ರ ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡದು.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಬಿಡುತ್ತಾರೆ. ಮೂರು ಬೆಂಕಿಪೊಟ್ಟಣಗಳನ್ನು ಮೇಜಿನ ಮೇಲೆ ಒಂದರ ಹಿಂದೆ ಒಂದು, ಸ್ವಲ್ಪ ಪಕ್ಕಕ್ಕೆ ಸರಿಸಿ ಇಡಿ. 140ರಲ್ಲಿ, ಎಫ್/5.6ರಲ್ಲಿ ನಡುವಿನದಕ್ಕೆ ಫೋಕಸ್ ಮಾಡಿ: ಒಮ್ಮೆ ಕಣ್ಣಿಟ್ಟು ನೋಡುವ ವ್ಯೂಫೈಂಡರಿನಿಂದ, ಒಮ್ಮೆ ಲೈವ್ ವ್ಯೂನಿಂದ, ಐದೈದು ಸಲ. ಲೈವ್ ವ್ಯೂನಲ್ಲಿ ನಡುವಿನದೇ ಸ್ಪಷ್ಟವಾಗಿ, ವ್ಯೂಫೈಂಡರಿನಲ್ಲಿ ಪ್ರತಿ ಸಲವೂ ಹಿಂದಿನದೋ ಮುಂದಿನದೋ ಸ್ಪಷ್ಟವಾದರೆ ಲೆನ್ಸಿಗೂ ಕ್ಯಾಮೆರಾಕ್ಕೂ ಹೊಂದಾಣಿಕೆಯಿಲ್ಲ. ದುಬಾರಿ ಕ್ಯಾಮೆರಾಗಳಲ್ಲಿ ಇದನ್ನು ಮೆನುವಿನಲ್ಲೇ ಸರಿಪಡಿಸಬಹುದು, ಡಿ5300ರಲ್ಲಿ ಆ ಸೌಲಭ್ಯವಿಲ್ಲ. ಅಂಥದ್ದನ್ನೂ ಹಿಂದಿರುಗಿಸಿ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಇದ್ದವರು ಈ ಪ್ಯಾರಾ ಬಿಟ್ಟುಬಿಡಬಹುದು. ಅಲ್ಲಿ ಫೋಕಸ್ ನೋಡುವುದು ಸೆನ್ಸರೇ.

ಹತ್ತಿರದ ಚಿತ್ರಗಳಿಗೆ ಆಸೆಯಿದ್ದರೆ ಕನಿಷ್ಠ ಫೋಕಸ್ ದೂರ ನೋಡಿ. 18-140ಕ್ಕೆ ಅದು 45 ಸೆಂ.ಮೀ.; ಅಳತೆ ಲೆನ್ಸಿನ ತುದಿಯಿಂದಲ್ಲ, ಕ್ಯಾಮೆರಾದ ಮೇಲೆ ವೃತ್ತಕ್ಕೆ ಗೆರೆ ಎಳೆದ ಗುರುತಿನಿಂದ. ಪೂರ್ತಿ ಎಳೆದು ಅಷ್ಟು ಹತ್ತಿರ ಹೋದರೆ ಚೌಕಟ್ಟಿನ ಅಗಲಕ್ಕೆ ಸುಮಾರು 10 ಸೆಂ.ಮೀ. ಹಿಡಿಸುತ್ತದೆ. ದಾಸವಾಳ ತುಂಬಿ ಬರುತ್ತದೆ, ಅದರ ಮೇಲಿನ ಇರುವೆ ಬರುವುದಿಲ್ಲ.

ಕೊನೆಗೆ ಮಲೆನಾಡಿನವರಿಗಾಗಿ. ಜೂನ್ ಬಂತೆಂದರೆ ಲೆನ್ಸನ್ನು ಚೀಲದಲ್ಲೂ ಮರದ ಕಪಾಟಿನಲ್ಲೂ ಇಡಬೇಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಒಂದು ಪುಟ್ಟ ಮಾಪಕ ಇದ್ದರೆ ಸಾಕು. 40ರಿಂದ 50 ಶೇಕಡಾ ಒಳಗಿದ್ದರೆ ನಿಶ್ಚಿಂತೆ. ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದರೆ ನೀರು ಕುಡಿದಿದೆ, ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಬಾಣಲೆ ಮಾತ್ರ ಬೇಡ. ಆ ನೀಲಿ ಕೋಬಾಲ್ಟ್ ಲವಣದ್ದು, ವಿಷ. ನಮ್ಮನೆಯಲ್ಲಿ ಅದಕ್ಕೆಂದೇ ಅಂಚು ಮುರಿದ ಒಂದು ಹಳೆಯ ಕಾವಲಿ ಇದೆ, ಹಿಡಿಕೆಗೆ ಕೆಂಪು ದಾರ ಕಟ್ಟಿದ್ದೇನೆ. ಆಟಿ ತಿಂಗಳ ಮಳೆಯಲ್ಲಿ ವಾರಕ್ಕೊಮ್ಮೆ ಅದು ಒಲೆಯೇರುತ್ತದೆ.